ಕೋರ್ಟ್ ಹೇಳಿದ್ದು ಹತ್ತಾರು, ನಮ್ಮೋರು ಕೇಳಿಸ್ಕೊಂಡಿದ್ದು ಕರೆಂಟ್ ಒಂದೇ

ಓಸಿ, ಅಂದ್ರೆ ಕಟ್ಟಡ ಪ್ಲ್ಯಾನ್ ಪ್ರಕಾರ ಇದೆ, ವಾಸ ಮಾಡಬಹುದು ಅನ್ನೋ ಆಕ್ಯುಪೆನ್ಸಿ ಸರ್ಟಿಫಿಕೇಟ್, ಇಲ್ದಿದ್ರೆ ಕರೆಂಟ್ ಇಲ್ಲ ಅನ್ನೋ ಸುಪ್ರೀಂ ಕೋರ್ಟ್ ತೀರ್ಪಿನ ವಿಷ್ಯ ಬಂದ್ರೆ ಸಾಕು, ಬೆಂಗಳೂರಲ್ಲಿ ಕೆಲವ್ರು ಕೋರ್ಟನ್ನ ಬೈತಾರೆ, ಇನ್ನು ಕೆಲವ್ರು ಮನೆ ಕಟ್ಟಿದೋರನ್ನ ಬೈತಾರೆ. ನಾನು ಕಾನೂನು ಅಂದ್ರೆ ಕಾನೂನು ಅನ್ನೋ ಪೈಕಿ. ಮೂರು ಫ್ಲೋರಿಗೆ ಪ್ಲ್ಯಾನ್ ತಗೊಂಡು ಐದು ಎಬ್ಬಿಸೋದನ್ನ ನಾನು ಯಾವತ್ತೂ ಸರಿ ಅಂದಿಲ್ಲ, ಮುಂದೆನೂ ಅನ್ನಲ್ಲ. ಆದ್ರೆ ಆ ತೀರ್ಪನ್ನ ಕೂತು ಓದಿದ್ಮೇಲೆ ನಂಗೆ ಸಿಟ್ಟು ಬಂದಿದ್ದು ಕೋರ್ಟ್ ಮೇಲೂ ಅಲ್ಲ, ಮನೆ ಕಟ್ಟಿದೋರ ಮೇಲೂ ಅಲ್ಲ, ನಮ್ಮ ಸರ್ಕಾರದ ಮೇಲೆ.

ತೀರ್ಪು ಬಂದಿದ್ದು 2024ರ ಡಿಸೆಂಬರ್ 17ಕ್ಕೆ, ನ್ಯಾಯಮೂರ್ತಿ ಪಾರ್ದೀವಾಲಾ ಮತ್ತೆ ನ್ಯಾಯಮೂರ್ತಿ ಮಹದೇವನ್ ಅವ್ರ ಪೀಠದಿಂದ. ಕೇಸು ನಮ್ಮೂರದ್ದಲ್ಲ, ಉತ್ತರ ಪ್ರದೇಶದ ಮೀರತ್ತಿನದು, ಮನೆಗೆ ಅಂತ ಕೊಟ್ಟ ಜಾಗದಲ್ಲಿ ಅಂಗಡಿ ಕಟ್ಟಿದ್ರು, ಒಡೀರಿ ಅಂತ ಆದೇಶ ಆಯ್ತು. ಕೋರ್ಟ್ ಅಷ್ಟಕ್ಕೇ ನಿಲ್ಲಿಸ್ದೆ ಇಡೀ ದೇಶಕ್ಕೆ ಅನ್ವಯ ಆಗೋ ಸೂಚನೆಗಳನ್ನ ಕೊಡ್ತು. ಕಟ್ಟೋಷ್ಟು ದಿನವೂ ಮಂಜೂರಾದ ಪ್ಲ್ಯಾನ್‌ನ ಪ್ರತಿ ಸೈಟ್‌ನಲ್ಲಿ ಎದ್ದು ಕಾಣೋ ಹಾಗೆ ಹಾಕಿರಬೇಕು, ಅಧಿಕಾರಿಗಳು ಆಗಾಗ ಬಂದು ತಪಾಸಣೆ ಮಾಡಿ ಅದನ್ನ ದಾಖಲೆಲಿ ಬರೀಬೇಕು, ಓಸಿ ತಗೊಂಡೇ ಮನೆ ಹಸ್ತಾಂತರ ಮಾಡ್ತೀನಿ ಅಂತ ಬಿಲ್ಡರ್ ಹತ್ರ ಮೊದ್ಲೇ ಮುಚ್ಚಳಿಕೆ ಬರೆಸ್ಕೋಬೇಕು, ಬ್ಯಾಂಕಿನೋರು ಓಸಿ ನೋಡಿನೇ ಸಾಲ ಕೊಡಬೇಕು, ಅಪೀಲು ಹಾಕಿದ್ರೆ 90 ದಿನದೊಳಗೆ ತೀರ್ಮಾನ ಮಾಡಬೇಕು, ತಪ್ಪಾಗಿ ಓಸಿ ಕೊಟ್ಟ ಅಧಿಕಾರಿ ಮೇಲೆ ತಕ್ಷಣ ಇಲಾಖಾ ವಿಚಾರಣೆ ಆಗಬೇಕು. ಇಷ್ಟೆಲ್ಲದರ ಮಧ್ಯೆ ಒಂದು ಕಡೆ, ಕರೆಂಟ್, ನೀರು, ಒಳಚರಂಡಿ ಕನೆಕ್ಷನ್ ಓಸಿ ತೋರಿಸಿದ್ಮೇಲೆನೇ ಕೊಡಬೇಕು ಅಂತಾನೂ ಇದೆ.

ಇದ್ರಲ್ಲಿ ನಮ್ಮಲ್ಲಿ ಮೊದ್ಲು ಜಾರಿ ಆಗಿದ್ದು ಯಾವ್ದು ಅಂತ ಹೇಳೋದೇ ಬೇಡ. 2025ರ ಏಪ್ರಿಲ್ ಹೊತ್ತಿಗೆ ಎಸ್ಕಾಂಗಳು, ಅಂದ್ರೆ ಕರೆಂಟ್ ಕೊಡೋ ಸರ್ಕಾರಿ ಕಂಪನಿಗಳು, ಓಸಿ ಇಲ್ಲದ ಕಟ್ಟಡಕ್ಕೆ ಹೊಸ ಪರ್ಮನೆಂಟ್ ಕನೆಕ್ಷನ್ ನಿಲ್ಲಿಸಿದ್ವು. ಪ್ಲ್ಯಾನ್ ಬೋರ್ಡ್ ಮಾತ್ರ ಎಲ್ಲೂ ಇಲ್ಲ. ನಮ್ಮ ಏರಿಯಾದಲ್ಲೇ ಈಗ ಕಾಂಕ್ರೀಟ್ ಹಾಕ್ತಿರೋ ಮನೆಗಳ ಮುಂದೆ ಒಂದು ರೌಂಡ್ ಹೋಗಿ ನೋಡಿ, ಸಿಮೆಂಟ್ ಕಂಪನಿ ಬ್ಯಾನರ್ ಇರುತ್ತೆ, ದೃಷ್ಟಿಗೊಂಬೆ ಇರುತ್ತೆ, ಮಂಜೂರಾದ ಪ್ಲ್ಯಾನ್ ನನ್ನ ಕಣ್ಣಿಗೆ ಬಿದ್ದಿಲ್ಲ. ಬೋರ್ಡ್ ಹಾಕ್ಸೋಕೆ ಒಬ್ಬ ಇಂಜಿನಿಯರ್ ಬಿಸಿಲಲ್ಲಿ ಓಡಾಡಬೇಕು, ದಿನಾಂಕ ಹಾಕಿ ಸಹಿ ಮಾಡಬೇಕು, ನಾಳೆ ಹೆಚ್ಚು ಕಡಿಮೆ ಆದ್ರೆ ಆ ಸಹಿ ಅವ್ನ ಕುತ್ತಿಗೆಗೆ ಬರುತ್ತೆ. ಕನೆಕ್ಷನ್ ಕೊಡಲ್ಲ ಅನ್ನೋಕೆ ಕೌಂಟರ್‌ನಲ್ಲಿ ಕೂತ್ಕೊಂಡು ಅರ್ಜಿ ವಾಪಸ್ ತಳ್ಳಿದ್ರೆ ಆಯ್ತು.

ನಂಗೆ ಪರಿಚಯದ ಒಬ್ಬ ರಿಟೈರ್ಡ್ ಮೇಷ್ಟ್ರು ಮನೆ ಕಥೆ ಹೇಳ್ತೀನಿ. ಪಿಎಫ್ ದುಡ್ಡು, ಹೆಂಡತಿ ಒಡವೆ, ಮಗನ ಸಾಲ ಎಲ್ಲ ಸೇರ್ಸಿ ಕಟ್ಟಿದ ಮನೆ. ಪ್ಲ್ಯಾನ್ ಇದೆ, ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್‌ನಲ್ಲಿ ಒಂದು ಕಡೆ ಸ್ವಲ್ಪ ಒತ್ತಿದಾರೆ, ಮೇಲೆ ಒಂದು ರೂಮ್ ಜಾಸ್ತಿ. ಗೃಹಪ್ರವೇಶ ಆಗಿ ಎಷ್ಟೋ ತಿಂಗಳಾದ್ರೂ ಮನೆ ನಡೀತಿರೋದು ಕಟ್ಟೋವಾಗ ತಗೊಂಡ ಟೆಂಪೊರರಿ ಕನೆಕ್ಷನ್‌ನಲ್ಲೇ. ಗೇಟ್ ಪಕ್ಕ ಒಂದು ಹಲಗೆಗೆ ಮೀಟರ್ ಹೊಡೆದು ಮೇಲೆ ಪ್ಲಾಸ್ಟಿಕ್ ಶೀಟ್ ಕಟ್ಟಿದಾರೆ, ಅಲ್ಲಿಂದ ಕಪ್ಪು ವೈರು ಕಿಟಕಿ ಸಂದಿಲಿ ಒಳಗೆ ಹೋಗಿದೆ, ಮಳೆ ಬಂದ್ರೆ ಅವ್ರ ಮನೆಯೋರು ಮೊಮ್ಮಗೂನ ಆ ಕಡೆ ಸುಳಿಯೋಕೆ ಬಿಡಲ್ಲ. ಮೋಟಾರ್ ಹಾಕಿದ್ರೆ ಗೀಸರ್ ಆಫ್ ಮಾಡಬೇಕು. ಬಿಲ್ಲು ಟೆಂಪೊರರಿ ರೇಟಲ್ಲಿ ಬರುತ್ತೆ, ಮನೆ ರೇಟಿಗಿಂತ ಎಷ್ಟೋ ಜಾಸ್ತಿ, ಗೃಹಜ್ಯೋತಿ ಅಂತೂ ಇಲ್ವೇ ಇಲ್ಲ. 200 ಯೂನಿಟ್ ತನಕ ಫ್ರೀ ಅಂತ ಊರೆಲ್ಲಾ ಬ್ಯಾನರ್ ಕಟ್ಟಿದ ರಾಜ್ಯದಲ್ಲಿ, ದುಡ್ಡು ಕೊಡ್ತೀನಿ ಸ್ವಾಮಿ ಮೀಟರ್ ಹಾಕಿ ಅನ್ನೋನಿಗೆ ಮೀಟರ್ ಇಲ್ಲ! ಯಾರಿಗೂ ಫ್ರೀ ಬೇಡ, ಕೇಳಿದೋನಿಗೆ ನ್ಯಾಯವಾದ ರೇಟಿಗೆ ಒಳ್ಳೆ ಕರೆಂಟ್ ಕೊಡಿ ಅನ್ನೋದು ನನ್ನ ಹಳೇ ವಾದ, ಅದು ಇನ್ನೊಂದಿನ ಬರೀತೀನಿ.

ಕಾನೂನು ಅಂತ ಮಾತಾಡೋರು ಇದನ್ನೂ ನೋಡಬೇಕು. 2003ರ ವಿದ್ಯುತ್ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಜಾಗದ ಮಾಲೀಕನೋ ಅಲ್ಲಿ ವಾಸ ಇರೋನೋ ಅರ್ಜಿ ಹಾಕಿದ್ರೆ ಒಂದು ತಿಂಗಳೊಳಗೆ ಕರೆಂಟ್ ಕೊಡೋದು ಕಂಪನಿ ಕರ್ತವ್ಯ. ಪಾರ್ಲಿಮೆಂಟ್ ಮಾಡಿದ ಕಾಯ್ದೆ ಇದು. ಕರೆಂಟ್ ಮೂಲಭೂತ ಸೌಲಭ್ಯ, ಅದನ್ನ ಯಾರಿಗೂ ಇಲ್ಲ ಅನ್ನೋ ಹಾಗಿಲ್ಲ ಅಂತ ಬಾಡಿಗೆದಾರರ ಒಂದು ಕೇಸಲ್ಲಿ 2022ರಲ್ಲಿ ಇದೇ ಸುಪ್ರೀಂ ಕೋರ್ಟೇ ಹೇಳಿತ್ತು. ಹಾಗಿದ್ಮೇಲೆ ಈ ಕಾಯ್ದೆನೂ ಓಸಿ ತೀರ್ಪನ್ನೂ ಹೇಗೆ ಹೊಂದಿಸ್ಕೊಂಡು ಹೋಗ್ಬೇಕು, ಈಗಾಗ್ಲೇ ಜನ ವಾಸ ಇರೋ ಮನೆಗಳ ಗತಿ ಏನು ಅಂತ ರಾಜ್ಯ ಸರ್ಕಾರ ಕೋರ್ಟ್ ಮುಂದೆ ಆವತ್ತೇ ಹೋಗಿ ಕೇಳಬೇಕಿತ್ತು, ಬರೀ ಸರ್ಕ್ಯುಲರ್ ಹೊರಡಿಸಿ ಕೈ ತೊಳ್ಕೊಳ್ಳೋದಲ್ಲ.

ಇನ್ನು ಈ ಊರಲ್ಲಿ ಓಸಿ ಇಲ್ಲದ ಮನೆ ಇಷ್ಟೊಂದು ಆಗಿದ್ದು ಹೇಗೆ? ಬೆಂಗಳೂರು ಪಾಲಿಕೆಯ 2003ರ ಕಟ್ಟಡ ಬೈಲಾದಲ್ಲೇ ಡೀವಿಯೇಷನ್, ಅಂದ್ರೆ ಪ್ಲ್ಯಾನ್ ಬಿಟ್ಟು ಕಟ್ಟೋದು, 5 ಪರ್ಸೆಂಟ್‌ಗಿಂತ ಜಾಸ್ತಿ ಇರಬಾರ್ದು ಅಂತ ಇದೆ. ನಿಂತು ನೋಡಬೇಕಾದೋರು ನೋಡ್ಲಿಲ್ಲ. ನಿಯಮದ ಪ್ರಕಾರ ಇಲ್ಲದ ಆಸ್ತಿಗಳಿಗೆ ಬಿ ಖಾತಾ ಅಂತ ಬೇರೆ ರಿಜಿಸ್ಟರ್ ಇಟ್ಕೊಂಡು ಅದೇ ಕಟ್ಟಡಗಳಿಂದ ಕಂದಾಯ ಮಾತ್ರ ತಪ್ಪದೆ ತಗೊಂಡ್ರು. ಮಧ್ಯದಲ್ಲಿ ಅಕ್ರಮ ಸಕ್ರಮ ಅಂತ ಆಸೆ ತೋರಿಸಿದ್ರು, ಮನೆಗಾದ್ರೆ 50 ಪರ್ಸೆಂಟ್ ತನಕ, ಕಮರ್ಷಿಯಲ್‌ಗಾದ್ರೆ 25 ಪರ್ಸೆಂಟ್ ತನಕ ಉಲ್ಲಂಘನೆ ಮಾಫಿ. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದನ್ನ ಒಪ್ತು, 2017ರ ಜನವರಿಲಿ ಸುಪ್ರೀಂ ಕೋರ್ಟ್ ತಡೆ ಕೊಡ್ತು. ಆದ್ರೆ ಆ ಹೊತ್ತಿಗೆ, ಇವತ್ತಲ್ಲ ನಾಳೆ ಸಕ್ರಮ ಆಗುತ್ತೆ ಅಂತ ನಂಬಿ ಇನ್ನೊಂದು ಫ್ಲೋರ್ ಹಾಕಿದೋರು ಎಷ್ಟೋ ಜನ, ರೂಲ್ ಪ್ರಕಾರ ಜಾಗ ಬಿಟ್ಟು ಚಿಕ್ಕದಾಗಿ ಕಟ್ಟಿದೋರನ್ನ ನೋಡಿ ಪಕ್ಕದ ಮನೆಯೋರು ಅಯ್ಯೋ ಪಾಪ ಅಂದ್ರು. ಮಾಫಿ ರಾಜಕಾರಣ ಮಾಡಿದ ಅನ್ಯಾಯ ಇದು, ಎಲ್ಲಾ ಪಕ್ಷದೋರೂ ಇದ್ರಲ್ಲಿ ಪಾಲುದಾರರು.

2024ರ ಅಕ್ಟೋಬರ್‌ನಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ತಿದ್ದ ಕಟ್ಟಡ ಕುಸಿದು ಕೂಲಿ ಕಾರ್ಮಿಕರು ಸತ್ರಲ್ಲ, ಅದಕ್ಕೇ ನಾನು ಪ್ಲ್ಯಾನ್, ಇನ್‌ಸ್ಪೆಕ್ಷನ್ ಅಂತ ಬಡ್ಕೊಳ್ಳೋದು. ಮನೆ ಎದ್ದು, ಜನ ಬಂದು ಸೇರ್ಕೊಂಡ್ಮೇಲೆ ಮೀಟರ್ ತಡೆದ್ರೆ ಯಾವ ಕಂಬಿನೂ ಗಟ್ಟಿ ಆಗಲ್ಲ.

ಆಮೇಲೆ 2025ರ ಅಕ್ಟೋಬರ್‌ನಲ್ಲಿ ಕ್ಯಾಬಿನೆಟ್ ಇನ್ನೊಂದು ತೀರ್ಮಾನ ಮಾಡ್ತು. 1200 ಚದರಡಿ ತನಕದ ಸೈಟಲ್ಲಿ ಗ್ರೌಂಡ್ ಪ್ಲಸ್ ಎರಡು ಫ್ಲೋರ್, ಇಲ್ಲ ಸ್ಟಿಲ್ಟ್ (ಕೆಳಗೆ ಬರೀ ಕಂಬದ ಪಾರ್ಕಿಂಗ್) ಪ್ಲಸ್ ಮೂರು ಫ್ಲೋರ್ ಇದ್ರೆ ಓಸಿನೇ ಬೇಡ ಅಂತ. ಕಾನೂನಲ್ಲೇ ಓಸಿ ಬೇಡ ಅಂದ್ಮೇಲೆ ಕೋರ್ಟ್ ಆದೇಶ ಅಡ್ಡ ಬರಲ್ಲ ಅನ್ನೋ ಲೆಕ್ಕಾಚಾರ. ಎಷ್ಟೋ ಬಡವರಿಗೆ ಉಸಿರು ಬಂತು, ಅದನ್ನ ನಾನು ಇಲ್ಲ ಅನ್ನಲ್ಲ. ಆದ್ರೆ 30/40ಕ್ಕೆ ಬೇಡದ ಓಸಿ 30/50ಕ್ಕೆ ಯಾಕೆ ಬೇಕು, ಗೆರೆ ಅಲ್ಲೇ ಯಾಕೆ ಎಳೆದ್ರಿ ಅಂತ ಯಾರಾದ್ರೂ ಹೇಳ್ಬೇಕಲ್ವಾ? ನಮ್ಮ ಮೇಷ್ಟ್ರ ಸೈಟು 30/50, ಅವ್ರು ಇನ್ನೂ ಅದೇ ಕಪ್ಪು ವೈರಲ್ಲಿದಾರೆ. ಇಷ್ಟಾದ್ರೂ ಆ ಬೀದಿಲಿ ಕಟ್ಟೋವಾಗ ತಪಾಸಣೆ ಮಾಡಬೇಕಿದ್ದ ಅಧಿಕಾರಿ ಯಾರು ಅಂತ ಒಬ್ರೂ ಕೇಳಿಲ್ಲ.

ನಾನು ಕೇಳೋದು ಇಷ್ಟೇ. ಇವತ್ತಿಂದ ಶುರು ಆಗೋ ಪ್ರತಿ ಕಟ್ಟಡದ ಮುಂದೆ ಪ್ಲ್ಯಾನ್ ಬೋರ್ಡ್, ಅದ್ರಲ್ಲಿ ಆ ಏರಿಯಾ ಇಂಜಿನಿಯರ್ ಹೆಸರು, ತಪಾಸಣೆಗೆ ಬಂದ ತಾರೀಖು ಇರಲಿ. ಹಳೇ ಮನೆಗಳಿಗೆ ಒಂದು ಕಟ್-ಆಫ್ ದಿನಾಂಕ ಹೇಳಿ, ಬಿಲ್ಡಿಂಗ್ ಗಟ್ಟಿ ಇದೆಯಾ, ಫೈರ್ ಸೇಫ್ಟಿ ಇದೆಯಾ ನೋಡಿ, ದಂಡ ಹಾಕಿ, ಮೀಟರ್ ಕೊಡಿ, ಒಡೀಬೇಕಾದ್ದನ್ನ ಒಡೀರಿ, ಅದಾದ್ಮೇಲೆ ಯಾವ ಎಲೆಕ್ಷನ್ ಬಂದ್ರೂ ಇನ್ನೊಂದು ಮಾಫಿ ಬೇಡ. ಈಗ ಫ್ಲ್ಯಾಟ್ ತಗೊಳ್ತಿರೋರು ಕೊನೇ ಕಂತು ಕೊಡೋಕೆ ಮುಂಚೆ ಓಸಿ ಕೇಳಿ, ಅಪ್ಲೈ ಮಾಡಿದೀವಿ ಸಾರ್ ಅಂತ ಅಕ್ನಾಲೆಡ್ಜ್‌ಮೆಂಟ್ ತೋರಿಸಿದ್ರೆ ಒಪ್ಪಬೇಡಿ, ಆ ಚೀಟಿ ಇಟ್ಕೊಂಡು ಹೋದ್ರೆ ಪರ್ಮನೆಂಟ್ ಮೀಟರ್ ಕೊಡಲ್ಲ.