ಕೊನೆಯ ಬಸ್ಸು ಹೋದ ಮೇಲೆ

ಬಳ್ಳಾರಿ, ಭಾನುವಾರ, 11 ಜನವರಿ 2026

ಇವರು ಬೆಳಿಗ್ಗೆಯಿಂದ ಸರಿಯಾಗಿ ಮಾತನಾಡಿಲ್ಲ. ಎಂಟು ಗಂಟೆಗೆ ಬಾಗಿಲು ತೆರೆದವರು "ಬಂದೆಯಾ" ಎಂದರು, ಹಾಲು ಕಾಯಿಸಿಟ್ಟಿದ್ದೇನೆ ಎಂದರು, ಅಷ್ಟೇ. ಊಟಕ್ಕೆ ಕುಳಿತಾಗ ತಟ್ಟೆ ನೋಡುತ್ತಲೇ ಕೇಳಿದರು: "ಊರಲ್ಲಿಯೇ ರಾಘವ ಕಲಾಮಂದಿರವಿದೆ, ಜೋಳದರಾಶಿ ದೊಡ್ಡನಗೌಡರ ಹೆಸರಿನ ರಂಗಮಂದಿರವಿದೆ. ನಾಟಕ ನೋಡಲು ಕೊಪ್ಪಳಕ್ಕೇ ಹೋಗಬೇಕೇ? ಹೋದರೂ ರಾತ್ರಿಯೆಲ್ಲ ಹೊರಗೆ ಕೂರಬೇಕೇ?"

ಅವರಿಗೆ ಭಯವಾಗಿತ್ತು ಎಂದು ನನಗೆ ಗೊತ್ತು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದರು, ಒಂದೂವರೆಗೆ ಮತ್ತೆ ಮಾಡಿದ್ದರು. ಜಾತ್ರೆಯ ಬಯಲಿನಲ್ಲಿ ದೀಪವಿದೆ, ಜನರಿದ್ದಾರೆ, ಪೊಲೀಸರಿದ್ದಾರೆ ಎಂದು ಹೇಳಿದ್ದೆ. ಬೆಳಗಿನ ಜಾವ ಮೊದಲ ಬಸ್ಸು ಹತ್ತುತ್ತೇನೆ ಎಂದೂ ಹೋಗುವ ಮೊದಲೇ ಹೇಳಿದ್ದೆ. ಇದಕ್ಕಿಂತ ಹೆಚ್ಚು ಏನು ಹೇಳಬೇಕೋ ತಿಳಿಯದೆ ಸಾರು ಬಡಿಸಿದೆ.

ಆದರೆ ಪ್ರಶ್ನೆಗೆ ಉತ್ತರವಿದೆ. ನಮ್ಮ ರಂಗಮಂದಿರಗಳಿಗೆ ಒಳ್ಳೆಯ ನಾಟಕ ಬಂದಾಗಲೆಲ್ಲ ನಾನು ಅಲ್ಲಿರುತ್ತೇನೆ, ಅದು ಇವರಿಗೂ ಗೊತ್ತು. ಕಂಪನಿ ನಾಟಕ, ಅಂದರೆ ನಾಟಕವನ್ನೇ ಕಸುಬಾಗಿಸಿಕೊಂಡ ತಂಡಗಳದ್ದು ಮಾತ್ರ, ಜಾತ್ರೆ ಇದ್ದಲ್ಲಿಗೆ ಹೋಗಿ ಕ್ಯಾಂಪ್ ಹಾಕುತ್ತದೆ. ಅದನ್ನು ನೋಡಬೇಕೆಂದರೆ ನಾವೇ ಹೋಗಬೇಕು. ಕೊಪ್ಪಳದ ಗವಿಮಠದ ತೇರು ಎಳೆದು ಇನ್ನೂ ವಾರವಾಗಿಲ್ಲ. ಜಾತ್ರೆಯ ಗದ್ದಲ ಇಳಿದು, ನೋಡುವವರು ನಿಧಾನವಾಗಿ ಕುಳಿತು ನೋಡುವ ದಿನಗಳು ಇವು.

ಖರ್ಚಿನ ಮಾತನ್ನೂ ಬರೆದಿಡುತ್ತೇನೆ, ಏಕೆಂದರೆ ಶಾಲೆಯಲ್ಲಿ ಎಲ್ಲರೂ ಕೇಳುವುದು ಅದನ್ನೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಾದ ನಮಗೆ ಬಸ್ಸು ಉಚಿತ. ಆಧಾರ್ ತೋರಿಸಿದರೆ ಕಂಡಕ್ಟರ್ ಶೂನ್ಯದ ಟಿಕೆಟ್ ಹರಿದು ಕೊಡುತ್ತಾರೆ. ರಾಜಹಂಸ, ಸ್ಲೀಪರ್‌ಗಳಿಗೆ ಅದು ನಡೆಯುವುದಿಲ್ಲ, ವೇಗದೂತಕ್ಕೆ ನಡೆಯುತ್ತದೆ. ಊಟ ಮಠದ ಮಹಾದಾಸೋಹದಲ್ಲಿ. ಹಳ್ಳಿಹಳ್ಳಿಗಳಿಂದ ಬಂದ ಜೋಳದ ರೊಟ್ಟಿ, ಮಾದಲಿ, ಪಲ್ಯ, ಅನ್ನ, ಸಾರು. ಅಮಾವಾಸ್ಯೆಯವರೆಗೆ ಬಂದವರಿಗೆಲ್ಲ ಎಲೆ ಹಾಕುತ್ತಾರೆ. ನಾಟಕಕ್ಕೆ ಹಿಂದಿನ ಸಾಲಿನ ಕುರ್ಚಿಗೆ ನೂರು ರೂಪಾಯಿ. ಚಹಾ, ಮಿರ್ಚಿ ಸೇರಿದರೂ ಇನ್ನೂರು ದಾಟಲಿಲ್ಲ. ನನ್ನ ಸಂಬಳದಲ್ಲಿ, ಚಿಕ್ಕವಳ ಹಾಸ್ಟೆಲ್ ಫೀಸು ಕಟ್ಟುತ್ತಿರುವ ಈ ವರ್ಷದಲ್ಲಿ, ಇದಕ್ಕಿಂತ ಹೆಚ್ಚನ್ನು ನಾಟಕಕ್ಕೆ ತೆಗೆದಿಡಲಾರೆ.

ನಾಟಕದ ಟಿಕೆಟ್ ಎಲ್ಲಿಯೂ ನನಗೆ ಭಾರವೆನಿಸಿಲ್ಲ. ಭಾರವಾಗುವುದು ನಾಟಕ ಮುಗಿದ ಮೇಲಿನ ಹೊತ್ತು. ರಾತ್ರಿ ಒಂಬತ್ತೂಮುಕ್ಕಾಲಿನ ಆಟ ಬಿಡುವುದು ಒಂದರ ಹತ್ತಿರ, ಮೊದಲ ಬಸ್ಸು ಐದಕ್ಕೆ. ಆ ನಾಲ್ಕು ಗಂಟೆಗೆ ಲಾಡ್ಜ್ ಹಿಡಿದರೆ ಸಾವಿರ ರೂಪಾಯಿ. ಒಬ್ಬಳೇ ಹೆಂಗಸು ನಡುರಾತ್ರಿ ಲಾಡ್ಜಿನ ಕೌಂಟರ್ ಮುಂದೆ ನಿಂತು ಕೋಣೆ ಕೇಳಿದಾಗ ಅವರು ನೋಡುವ ನೋಟ ಬೇರೆ. ಗಂಡಸರು ಬಸ್ ನಿಲ್ದಾಣದ ಬೆಂಚಿನ ಮೇಲೆ ಟವೆಲ್ ಹಾಸಿ ಮಲಗುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಈ ವಿಷಯದಲ್ಲಿ ನನಗೆ ಸಿಟ್ಟಿದೆ. ಸರ್ಕಾರ ನಮ್ಮನ್ನು ಊರಿಂದೂರಿಗೆ ಬಿಟ್ಟಿಯಾಗಿ ಕರೆದೊಯ್ಯುತ್ತದೆ, ಸಂತೋಷ. ಆಟ ಬಿಟ್ಟ ಮೇಲೆ ಕೊಪ್ಪಳದಿಂದ ಹೊಸಪೇಟೆಯ ಕಡೆಗೆ ಅಂಥದೇ ಒಂದು ಬಸ್ಸು ಬಿಟ್ಟರೆ ನಾಟಕ ನೋಡಿದವರು ಮನೆಯಲ್ಲಿ ಮಲಗಬಹುದು.

ಹಾಗಾಗಿ ನನ್ನ ಲೆಕ್ಕವೆಲ್ಲ ಗಡಿಯಾರದ ಲೆಕ್ಕ. ಬೆಂಗಳೂರಿಗೆ ತರಬೇತಿಗೆ ಹಾಕಿದರೆ ಶುಕ್ರವಾರದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹಿಡಿಯುತ್ತೇನೆ. ಸ್ಲೀಪರ್ ಡಬ್ಬಿಯಲ್ಲಿ ಮಲಗಿದರೆ ಒಂದು ರಾತ್ರಿಯ ಲಾಡ್ಜ್ ಉಳಿಯುತ್ತದೆ. ಅಲ್ಲಿನ ರಂಗಶಂಕರ ರಂಗಮಂದಿರದಲ್ಲಿ ಶನಿವಾರ, ಭಾನುವಾರ ಮಧ್ಯಾಹ್ನ ಮೂರೂವರೆಗೆ ಒಂದು ಆಟವಿರುತ್ತದೆ. ಹೊರಗಿನಿಂದ ಬಂದವರಿಗೆ ಅದೇ ಸರಿಯಾದ ಆಟ. ಸಂಜೆ ಏಳೂವರೆಯದನ್ನು ನೋಡಿದರೆ ಹತ್ತು ಗಂಟೆಯ ರೈಲಿಗಾಗಿ ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ, ಕೊನೆಯ ದೃಶ್ಯ ಮನಸ್ಸಿಗೆ ಇಳಿಯುವುದಿಲ್ಲ. ಅಲ್ಲಿ ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಆ ನಿಯಮವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬಸ್ಸು ತಡವಾಯಿತು ಎಂದು ಕತ್ತಲಲ್ಲಿ ಮೊಬೈಲ್ ಬೆಳಕು ಹಾಕಿಕೊಂಡು ಕುರ್ಚಿ ಹುಡುಕುವವರಿಂದ ನಟರಿಗೆ ಆಗುವ ನೋವನ್ನು ನಮ್ಮೂರಿನಲ್ಲಿ ನೋಡಿದ್ದೇನೆ. ರವೀಂದ್ರ ಕಲಾಕ್ಷೇತ್ರಕ್ಕಾದರೆ ಮೆಜೆಸ್ಟಿಕ್ ಹತ್ತಿರ, ರೈಲಿನ ಚಿಂತೆ ಅಷ್ಟಿಲ್ಲ. ಮೈಸೂರಿನ ರಂಗಾಯಣ ಮಾತ್ರ ಕೈಗೆ ಸಿಗುವುದಿಲ್ಲ. ಅಲ್ಲಿನ ಭೂಮಿಗೀತ ರಂಗಮಂದಿರದಲ್ಲಿ ಭಾನುವಾರ ಸಂಜೆ ನಾಟಕ ಶುರುವಾಗುವ ಹೊತ್ತಿಗೇ ನಮ್ಮ ಕಡೆಯ ರೈಲು ಮೈಸೂರು ಬಿಡುತ್ತದೆ, ಸೋಮವಾರ ಬೆಳಿಗ್ಗೆ ಶಾಲೆ.

ನೀನಾಸಂ ತಿರುಗಾಟ 1985ರಿಂದ, ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಊರೂರಿಗೆ ನಾಟಕ ಹೊತ್ತು ತರುತ್ತಿವೆ. ನಾವು ಹೋಗುವ ಬದಲು ಅವರೇ ಬರುತ್ತಾರೆ. ರಾಯಚೂರಿನ ಜಂಬಲದಿನ್ನಿ ರಂಗಮಂದಿರದಲ್ಲಿ ನಾಟಕವಿದ್ದರೆ ಅತ್ತಿಗೆಯ ಮನೆಯಿದೆ, ರಾತ್ರಿಯ ಚಿಂತೆಯೇ ಇಲ್ಲ. ಅತ್ತಿಗೆ ನಾಟಕಕ್ಕೆ ಬರುವುದಿಲ್ಲ, ಆದರೆ ನಾನು ಬರುವವರೆಗೆ ಎದ್ದಿರುತ್ತಾರೆ, ಕಥೆ ಹೇಳಿಸಿಕೊಂಡೇ ಮಲಗುತ್ತಾರೆ.

ಸಿರುಗುಪ್ಪದ ಕಡೆಯ ನಮ್ಮ ತವರಿನಲ್ಲಿ ಈ ತಾಪತ್ರಯವೇ ಇರಲಿಲ್ಲ. ದೊಡ್ಡಾಟ ರಾತ್ರಿ ಹತ್ತಕ್ಕೆ ಶುರುವಾದರೆ ಮುಗಿಯುತ್ತಿದ್ದುದು ಬೆಳಕು ಹರಿದ ಮೇಲೆ. ಪಕ್ಕದ ಊರುಗಳಿಂದ ಬಂದವರು ಕೊನೆಯ ಮಂಗಳ ಕೇಳಿ, ಮುಖ ತೊಳೆದು, ಮೊದಲ ಬಸ್ಸಿಗೆ ಹೋಗುತ್ತಿದ್ದರು. ಟಿಕೆಟ್ ಇಲ್ಲ, ಲಾಡ್ಜ್ ಇಲ್ಲ, ಹೆಂಗಸರು ರಾತ್ರಿ ಹೊರಗಿದ್ದರು ಎಂಬ ಮಾತೂ ಇಲ್ಲ, ಏಕೆಂದರೆ ಊರಿಗೆ ಊರೇ ಹೊರಗಿತ್ತು. ಇವರಿಗೆ ಇದನ್ನು ಹೇಳಬೇಕಿತ್ತು. ಅವರ ಅವ್ವನೂ ಹಾಗೆಯೇ ಕಂಬಳಿ ಹೊದ್ದು ಕುಳಿತು ನೋಡಿದವರು.

ನಿನ್ನೆಯ ರಾತ್ರಿಯ ವಿಷಯ ಬೇರೆಯೇ ಇದೆ. ಅದಕ್ಕಾಗಿಯೇ ಇದನ್ನು ಬರೆಯಲು ಕುಳಿತೆ.

ಆಟ ಬಿಟ್ಟ ಮೇಲೆ ತಗಡಿನ ಥಿಯೇಟರಿನ ಮಗ್ಗುಲಲ್ಲಿ ಮಿರ್ಚಿಯ ಗಾಡಿಯ ಹತ್ತಿರ ಕುಳಿತೆ. ಚಳಿ ಇತ್ತು, ಒಲೆಯಲ್ಲಿ ಇನ್ನೂ ಕೆಂಡವಿತ್ತು. ಗಾಡಿಯಾಕೆಗೆ ಅರವತ್ತರ ಮೇಲಿರಬಹುದು. ಬಾಣಲೆಯ ಎಣ್ಣೆ ಸೋಸಿ ಡಬ್ಬಿಗೆ ತುಂಬುತ್ತಿದ್ದರು. ಬಸ್ಸು ಐದಕ್ಕಲ್ಲವೇ, ಇಲ್ಲೇ ಕೂರು ಅಕ್ಕಾ, ನಾನೂ ಇಲ್ಲೇ ಮಲಗುವವಳು ಎಂದು ಗೋಣಿಚೀಲ ಹಾಸಿದರು. ಮಗ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇನ್ನೊಂದು ಗಾಡಿ ಹಾಕಿದ್ದಾನಂತೆ. ಬನದ ಹುಣ್ಣಿಮೆಯ ತೇರಿಗೂ ಗವಿಮಠದ ತೇರಿಗೂ ಎರಡೇ ದಿನದ ಅಂತರ, ಒಬ್ಬರೇ ಎರಡೂ ಕಡೆ ಇರಲಾಗದು. ಇಲ್ಲಿ ಮುಗಿದ ಮೇಲೆ ಮೈಲಾರ, ಆಮೇಲೆ ಕೊಟ್ಟೂರು. ಕಂಪನಿ ಎಲ್ಲಿದೆಯೋ ಅದರ ಗೋಡೆಗೆ ಅಂಟಿಯೇ ಇವರ ಗಾಡಿ.

"ಹಾಗಾದರೆ ನಾಟಕವೆಲ್ಲ ನೋಡಿರುತ್ತೀರಿ, ಅವ್ವಾ" ಎಂದೆ.

"ಕೇಳಿದ್ದೇನೆ" ಎಂದರು. "ಒಳಗೆ ಕೂತರೆ ಗಿರಾಕಿಯನ್ನು ಯಾರು ನೋಡುತ್ತಾರೆ?"

ನಾನು ಸುಮ್ಮನಿದ್ದುದನ್ನು ಕಂಡು ಅವರೇ ವಿವರಿಸಿದರು. ತಗಡಿನ ಈಚೆಗೆ ಪ್ರತಿ ಮಾತೂ ಕೇಳುತ್ತದೆ. ಸಾಹುಕಾರ "ಈ ಮನೆಯ ಬಾಗಿಲು ನಿನಗೆ ಮುಚ್ಚಿತು" ಎಂದಾಗ ಒಲೆಗೆ ಕಟ್ಟಿಗೆ ಇಡುತ್ತಾರೆ. ಹಾಸ್ಯದವನ ಹಾಡು ಎರಡನೆಯ ಚರಣಕ್ಕೆ ಬಂದಾಗ ಮೆಣಸಿನಕಾಯಿ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಾರೆ. ಒನ್ಸ್ ಮೋರ್ ಬಿದ್ದರೆ ಉರಿ ತಗ್ಗಿಸುತ್ತಾರೆ. ಪರದೆ ಬಿದ್ದು ಜನ ಹೊರಗೆ ಬರುವ ಹೊತ್ತಿಗೆ ಮಿರ್ಚಿ ಬಿಸಿಯಾಗಿ ತಟ್ಟೆಯಲ್ಲಿರುತ್ತದೆ. ಇದನ್ನು ಹೇಳುವಾಗ ಅವರ ಮುಖದಲ್ಲಿ ದೊಡ್ಡ ಕಸುಬುದಾರರ ನೆಮ್ಮದಿ ಇತ್ತು.

ಆಮೇಲೆ ತಾಯಿಯ ಪಾತ್ರದ ಮಾತು ಹೇಳತೊಡಗಿದರು. ತಾಳಿ ಅಡವಿಟ್ಟು ಓದಿಸಿದ ಮಗನ ಬಂಗಲೆಗೆ ತಾಯಿ ಬರುತ್ತಾಳೆ, ಮಗ ಅವಳನ್ನು ಕೆಲಸ ಕೇಳಲು ಬಂದವಳು ಎಂದು ಹೆಂಡತಿಗೆ ಪರಿಚಯಿಸುತ್ತಾನೆ. ಆಗ ತಾಯಿ ಆಡುವ ಮಾತು, ಒಂದು ಪುಟದಷ್ಟು. ಅಷ್ಟನ್ನೂ ಒಂದಕ್ಷರ ಬಿಡದೆ ಹೇಳಿದರು. ಒಳಗೆ ಮೈಕಿನಲ್ಲಿ ಕೇಳಿದ್ದ ಮಾತೇ. ಆದರೆ ಇವರು ಮೆಲ್ಲಗೆ, ಎಣ್ಣೆಯ ಡಬ್ಬಿಯ ಮುಚ್ಚಳ ತಿರುಗಿಸುತ್ತ ಹೇಳಿದರು. ನನಗೆ ಮೈ ಜುಮ್ಮೆಂದಿತು. ಒಳಗೆ ಹಾಗಾಗಿರಲಿಲ್ಲ.

"ಒಂದು ಕೇಳಲೇ ಅಕ್ಕಾ? ಓದಿದವಳ ಹಾಗೆ ಕಾಣುತ್ತೀ. ಅವಳು ಹೀಗೆ ಅಳುವಾಗ ಜನ ಯಾಕೆ ನಗುತ್ತಾರೆ?"

ಅವರಿಗೆ ಹೇಗೆ ಹೇಳಲಿ? ರಂಗದ ಮೇಲೆ ಆಗುವುದು ಇದು: ತಾಯಿ ಮಾತನಾಡುವಾಗ ಹಿಂದೆ ಹಾಸ್ಯದ ಆಳು ಮಗನ ಕೋಟನ್ನು ತಿರುಗುಮುರುಗಾಗಿ ಹಾಕಿಕೊಂಡು ಕನ್ನಡಿಯ ಮುಂದೆ ಕುಣಿಯುತ್ತಿರುತ್ತಾನೆ. ಅವನಿಗೆ ಮಾತಿಲ್ಲ, ಹಾಗಾಗಿ ಹೊರಗೆ ಏನೂ ಕೇಳುವುದಿಲ್ಲ. ನಾನು ಇದ್ದದ್ದನ್ನು ಹೇಳಿದೆ.

ಅವರು ತುಂಬ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಮಗನಿಗೆ ಛೀಮಾರಿ ಹಾಕಿ ನಗುತ್ತಾರೆ ಎಂದುಕೊಂಡಿದ್ದೆ" ಎಂದರು. "ಇಂಥವನೂ ಒಬ್ಬ ಮಗನೇ ಎಂದು ಇಡೀ ಥಿಯೇಟರೇ ಅವನನ್ನು ನೋಡಿ ನಗುತ್ತದೆ ಎಂದುಕೊಂಡಿದ್ದೆ. ಆ ನಗು ಕೇಳಿದಾಗೆಲ್ಲ ನನಗೆ ಸಮಾಧಾನವಾಗುತ್ತಿತ್ತು."

ಹೇಳಬಾರದಿತ್ತೇನೋ ಎಂದು ಒಂದು ಕ್ಷಣ ಅನಿಸಿತು. ಆದರೆ ಅವರು ಕೇಳಿದ್ದರು, ಕೇಳಿದವರಿಗೆ ಸುಳ್ಳು ಹೇಳಲಾರೆ. "ಅವಳ ಮಾತು ಕೆಡಿಸುತ್ತಾನಲ್ಲ ಅವನು. ಮಾಲೀಕರು ಏನೂ ಅನ್ನುವುದಿಲ್ಲವೇ?" ಎಂದು ಮತ್ತೆ ಮತ್ತೆ ಕೇಳಿದರು. ಮಾಲೀಕರು ಏನನ್ನುತ್ತಾರೆ? ನಗು ಬರದಿದ್ದರೆ ಮರುದಿನದ ಗೇಟ್ ಕಲೆಕ್ಷನ್ ಇಳಿಯುತ್ತದೆ ಎಂಬ ಹೆದರಿಕೆ ಅವರಿಗೆ. ಆಟೋದಲ್ಲಿ ಮೈಕ್ ಕಟ್ಟಿ ಊರೆಲ್ಲ ಕೂಗುವುದೂ ನಕ್ಕು ನಕ್ಕು ಸಾಕಾಗುತ್ತದೆ ಎಂದೇ. ಮೂವತ್ತು ನಲವತ್ತು ಜನರ ಹೊಟ್ಟೆ, ತಗಡು, ಲಾರಿ ಬಾಡಿಗೆ, ಕರೆಂಟು ಎಲ್ಲವೂ ಆ ಗೇಟಿನ ಮೇಲೆಯೇ ನಿಂತಿದೆ. ಅದು ನನಗೆ ಅರ್ಥವಾಗುತ್ತದೆ. ಆದರೂ ಆ ತಾಯಿಯ ಪಾತ್ರದವರು ಕಣ್ಣೀರು ತಂದುಕೊಂಡು ಹೇಳುತ್ತಿದ್ದಾಗ ನನ್ನ ಮುಂದಿನ ಸಾಲು ಬಿದ್ದು ಬಿದ್ದು ನಗುತ್ತಿದ್ದುದನ್ನು ಕಂಡು ನನಗೆ ಕುರ್ಚಿಯಿಂದ ಎದ್ದು ನಿಂತು ಸುಮ್ಮನಿರಿ ಎನ್ನಬೇಕೆನಿಸಿತ್ತು. ಅಂಥ ದನಿ ಸುಲಭಕ್ಕೆ ಸಿಗುವುದಿಲ್ಲ. ಸುಭದ್ರಮ್ಮ ಮನ್ಸೂರರ ರಂಗಗೀತೆ ಕೇಳಿ ಬೆಳೆದ ಊರು ನಮ್ಮದು. 2020ರಲ್ಲಿ ಅವರು ಹೋದಾಗ ಕೊರೊನಾ ಕಾಲ, ಊರು ಸೇರಿ ಕಳಿಸಿಕೊಡುವ ಹಾಗೂ ಇರಲಿಲ್ಲ. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಎಂದು ಬಳ್ಳಾರಿ ರಾಘವರು ಅಷ್ಟು ಹಿಂದೆಯೇ ಹಟ ಹಿಡಿದರು. ಹಗಲು ಕೋರ್ಟಿನಲ್ಲಿ ವಕೀಲಿಕೆ, ರಾತ್ರಿ ರಂಗ. ಅವರು ತೀರಿಕೊಂಡು ಈ ಏಪ್ರಿಲ್‌ಗೆ ಎಂಬತ್ತು ವರ್ಷವಾಗುತ್ತದೆ. ಹಾಗೆ ರಂಗಕ್ಕೆ ಬಂದ ಹೆಣ್ಣಿನ ಮಾತು ಈಗ ಕೋಟು ಕುಣಿಸುವವನ ಹಿಂದೆ ಮುಚ್ಚಿಹೋಗುತ್ತಿದೆ.

ಚಿಕ್ಕವಳ ಫೋನ್ ಬಂದಿತ್ತು, ನಡುವೆ ಬರೆಯುವುದು ನಿಂತಿತು. ಬೆಂಗಳೂರಿನಲ್ಲಿ ಯಾವುದೋ ದೊಡ್ಡ ಪ್ರದರ್ಶನಕ್ಕೆ ಗೆಳತಿಯರು ಸಾವಿರಗಟ್ಟಲೆ ಕೊಟ್ಟು ಟಿಕೆಟ್ ತೆಗೆದಿದ್ದಾರಂತೆ, ಇವಳು ಹೋಗಿಲ್ಲ. "ನೀನು ನೂರು ರೂಪಾಯಿಗೆ ನೋಡಿದೆಯಲ್ಲ ಅಮ್ಮಾ" ಎಂದಳು. ಅವಳ ದನಿಯಲ್ಲಿ ಆಸೆಯಿತ್ತು, ಅದು ನನಗೆ ನೋವಾಯಿತು. ಹದಿನೇಳರ ಶನಿವಾರ ತರಬೇತಿ ಒಂದೂವರೆಗೆ ಮುಗಿದರೆ ಇಬ್ಬರೂ ರಂಗಶಂಕರದ ಮೂರೂವರೆಯ ಆಟಕ್ಕೆ ಹೋಗಬಹುದು. ಟಿಕೆಟ್ ಇಂದೇ ನೋಡು ಎಂದು ಹೇಳಿದ್ದೇನೆ.

ಅದಕ್ಕೆ ಮೊದಲು ಗುರುವಾರ ಸಂಕ್ರಮಣ, ರಜೆ. ಕಂಪನಿ ಇನ್ನೂ ಕೊಪ್ಪಳದಲ್ಲೇ ಇರುತ್ತದೆ. ಸಂಜೆ ಆರೂಕಾಲಿನ ಆಟಕ್ಕೆ ಆ ಅವ್ವನನ್ನು ಒಳಗೆ ಕೂರಿಸಬೇಕು ಎಂದು ಬಸ್ಸಿನಲ್ಲಿಯೇ ಮನಸ್ಸಿಗೆ ಬಂದಿತ್ತು. ಟಿಕೆಟ್ ನನ್ನದು. ಗಾಡಿಯನ್ನು ನಾನು ನೋಡಿಕೊಂಡರೆ ಆಯಿತು, ಮಿರ್ಚಿ ಕರಿಯುವುದು ನನಗೆ ಬರುತ್ತದೆ, ಹಾಸ್ಯದವನ ಹಾಡಿನ ಎರಡನೆಯ ಚರಣ ಈಗ ಗುರುತು ಸಿಗುತ್ತದೆ. ಆ ಆಟ ಬಿಟ್ಟರೆ ಕೊನೆಯ ಬಸ್ಸೂ ಸಿಗುತ್ತದೆ, ಮನೆಯಿಂದ ಇವರೂ ಜೊತೆಗೆ ಬಂದರೆ ಇನ್ನೂ ಒಳ್ಳೆಯದು.

ಆದರೆ ಸಂಕ್ರಮಣದ ಸಂಜೆಯೆಂದರೆ ಆ ಅವ್ವನಿಗೆ ಒಳ್ಳೆಯ ವ್ಯಾಪಾರದ ದಿನ. ಆ ದಿನ ಒಲೆ ಬಿಟ್ಟು ಬರುತ್ತಾರೆಯೇ? ಬುಧವಾರ ಇಡೀ ದಿನ ಶಾಲೆಯಿದೆ. ಶುಕ್ರವಾರ ರಾತ್ರಿ ರೈಲು. ಒಳಗೆ ಕೂತು ಆ ಕೋಟಿನ ಕುಣಿತವನ್ನು ಕಣ್ಣಾರೆ ನೋಡಿದರೆ ಅವರಿಗೆ ಇನ್ನೂ ಬೇಸರವಾಗಬಹುದು, ಅಥವಾ ಆ ತಾಯಿಯ ಮುಖ ಕಂಡು…