ಜರ್ಮನಿಯಲ್ಲಿದ್ದೂ ನಿಂಗೆ ಕೆಲಸ ಸಿಗಲಿಲ್ವಾ?

ಸಿಗಲಿಲ್ಲ. ಅಂದರೆ, ನೀವು ಕೆಲಸ ಅಂತ ಒಪ್ಪಿಕೊಳ್ಳುವಂಥದ್ದು ಸಿಗಲಿಲ್ಲ.

ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ನನಗೆ ಗೊತ್ತು, ಯಾರೂ ಇಲ್ಲಿಗೆ ನಿಲ್ಲಿಸುವುದಿಲ್ಲ. ಊರಿಗೆ ಬಂದಾಗ ಶಿವಮೊಗ್ಗದಲ್ಲಿ ರೈಲು ಇಳಿದು ತೀರ್ಥಹಳ್ಳಿ ಬಸ್ಸು ಹತ್ತುವುದರೊಳಗೆ ಒಬ್ಬರಾದರೂ ಕೇಳಿರುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಲಿಂಕ್ ಕಳಿಸುವುದು, ಅಷ್ಟೇ.

ಮೊದಲು ನಾವು ಅಲ್ಲಿ ಯಾಕಿದ್ದೇವೆ ಅನ್ನುವುದು. ನನ್ನ ಗಂಡ ಸಾಗರದ ಕಡೆಯವರು. ಎಂಎಸ್ ಓದಲು ಅಮೆರಿಕಕ್ಕೆ ಹೋಗಿದ್ದರು. ಆಗ ಅಲ್ಲಿನ ಸೈನ್ಯ ಮ್ಯಾವ್ನಿ ಅನ್ನುವ ಯೋಜನೆ ನಡೆಸುತ್ತಿತ್ತು. ಗ್ರೀನ್ ಕಾರ್ಡ್ ಇಲ್ಲದಿದ್ದರೂ, ಸೈನ್ಯಕ್ಕೆ ಬೇಕಾದ ಭಾಷೆ ಗೊತ್ತಿದ್ದರೆ ಅಥವಾ ವೈದ್ಯಕೀಯ ತರಬೇತಿ ಇದ್ದರೆ ಸೇರಿಸಿಕೊಳ್ಳುತ್ತಿದ್ದರು. 2008ರ ಕೊನೆಯಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತ್ತು, 2016ರಲ್ಲಿ ನಿಂತೇಹೋಯಿತು. ಇವರು ಹಿಂದಿಯ ಬಲದ ಮೇಲೆ ಸೇರಿಕೊಂಡರು. ಹೈಸ್ಕೂಲಿನಲ್ಲಿ ಹಿಂದಿಗೆ ಎಷ್ಟು ಮಾರ್ಕ್ಸ್ ಬರುತ್ತಿತ್ತು ಅಂತ ನಮ್ಮತ್ತೆಯನ್ನು ಕೇಳಿ, ನಗುತ್ತಾರೆ. ಸೇರಿದ ಮೇಲೆ ಅಮೆರಿಕದ ಪೌರತ್ವವೂ ಬಂತು. ಮದುವೆಯಾಗಿ ನಾನು ಗ್ರೀನ್ ಕಾರ್ಡ್ ಮೇಲೆ ಹೋದೆ. ಮೊದಲು ಟೆಕ್ಸಾಸ್, ಈಗ ಜರ್ಮನಿಯ ಬವೇರಿಯಾದಲ್ಲಿರುವ ವಿಲ್ಸೆಕ್. ಪಕ್ಕದಲ್ಲೇ ಗ್ರಾಫೆನ್ವೋರ್ ಅನ್ನುವ ದೊಡ್ಡ ಸೇನಾ ತರಬೇತಿ ಮೈದಾನ ಇದೆ. ಅಲ್ಲಿ ಫಿರಂಗಿ ಹಾರಿಸಿದರೆ ನಮ್ಮ ಮನೆಯ ಕಿಟಕಿ ಗಾಜು ಗುಂಯ್ ಅನ್ನುತ್ತದೆ.

ನಮ್ಮದು ಕೊಡಗಾಗಿದ್ದರೆ ಇಷ್ಟು ವಿವರಿಸುವ ತಾಪತ್ರಯವೇ ಇರುತ್ತಿರಲಿಲ್ಲ. ಅಲ್ಲಿ ಮಿಲಿಟರಿಯವರ ಹೆಂಡತಿ ಅಂದರೆ ಪಾಡು ಏನು ಅಂತ ಮನೆಮನೆಗೂ ಗೊತ್ತು. ನಮ್ಮ ಕಡೆ ಅಡಿಕೆ ರೇಟು ಗೊತ್ತು, ಪೋಸ್ಟಿಂಗ್ ಅಂದರೆ ಬ್ಯಾಂಕಿನವರ ವರ್ಗಾವಣೆ ಅಂತ ಗೊತ್ತು. ಫಾರಿನ್ ಅಂದರೆ ಐಟಿ.

ಕಳೆದ ಬೇಸಿಗೆಯಲ್ಲಿ ತೀರ್ಥಹಳ್ಳಿಯ ಛತ್ರವೊಂದರಲ್ಲಿ ಚಿಕ್ಕಪ್ಪನ ಮಗಳ ಮದುವೆ. ಮೊದಲ ಪಂಕ್ತಿಯಲ್ಲೇ ಜಾಗ ಸಿಕ್ಕಿತ್ತು. ಹೋಳಿಗೆ ಬಡಿಸಿ ಹೋಗಿದ್ದರು, ತುಪ್ಪದ ಹುಡುಗ ನನ್ನ ಎಲೆಯ ಮುಂದೆ ಬಗ್ಗಿದ್ದ. ಎದುರು ಸಾಲಿನಿಂದ ದೊಡ್ಡಪ್ಪ ಕೂಗಿದರು. "ಎಂತ ಮಾರಾಯ್ತಿ, ಬಿಎಸ್ಸಿ ಬಿಎಡ್ ಮಾಡ್ಕಂಡು ಅಲ್ಲಿ ಸುಮ್ನೆ ಮನೇಲಿ ಕೂತಿದೀಯಂತೆ? ಜರ್ಮನೀಲಿ ಇದ್ದೂ ನಿಂಗೆ ಕೆಲಸ ಸಿಗಲಿಲ್ವಾ?" ದೊಡ್ಡಪ್ಪನ ದನಿ ತೋಟದ ಈ ತುದಿಯಿಂದ ಆ ತುದಿಯ ಆಳನ್ನು ಕರೆದು ರೂಢಿಯಾದ ದನಿ. ಎರಡು ಸಾಲೂ ತಿರುಗಿ ನೋಡಿತು. ತುಪ್ಪದ ಹುಡುಗ ಕೂಡ ಉತ್ತರಕ್ಕೆ ಕಾಯುತ್ತಾ ತುಪ್ಪ ಜಾಸ್ತಿಯೇ ಹಾಕಿದ. ಅದೊಂದು ಲಾಭ.

ಆಮೇಲೆ ಸಲಹೆಗಳು ಶುರುವಾದವು. ಮಜ್ಜಿಗೆ ಬರುವಷ್ಟರಲ್ಲಿ ನನ್ನ ಬದುಕಿನ ದಾರಿ ತೀರ್ಮಾನವಾಗಿತ್ತು. ಒಬ್ಬರು ಕೋಡಿಂಗ್ ಕಲಿ ಅಂದರು. ಇನ್ನೊಬ್ಬರು "ಆನ್‌ಲೈನಲ್ಲಿ ಬೆಂಗಳೂರಿನ ಕಂಪನಿಗೆ ಮಾಡಬಹುದಲ್ವಾ" ಅಂದರು. ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರು, ಫಾರಿನ್ನಲ್ಲಿ ಭಾರಿ ರೇಟು ಅಂತ ಒಬ್ಬರು ಅತ್ತೆ. ಅಲ್ಲಿ ಇರಲು ನನಗಿರುವ ಅನುಮತಿಯ ಹೆಸರು ಕೇಳಿ "ಸೋಫಾ ಸ್ಟೇಟಸ್ ಅಂತೆ, ಅದಕ್ಕೇ ಕೂತಲ್ಲೇ ಕೂತಿರೋದು" ಅಂತ ತಮ್ಮನೊಬ್ಬ ನಗೆಯಾಡಿದ. ಜರ್ಮನಿಯಲ್ಲಿ ಕೆಲಸ ಅಂದರೆ ಮೊದಲ ಮಳೆಗೆ ಅಣಬೆ ಎದ್ದ ಹಾಗೆ ಎದ್ದಿರುತ್ತದೆ, ನಾನು ಬುಟ್ಟಿ ಹಿಡಿದು ಹೊರಡದೇ ಇರುವುದೇ ತಪ್ಪು ಅನ್ನುವ ಹಾಗಿತ್ತು ಎಲ್ಲರ ಮಾತು.

"ನೋಡ್ತಿದೀನಿ ದೊಡ್ಡಪ್ಪ" ಅಂದು ಸುಮ್ಮನಾದೆ. ಈಗ ಸುಮ್ಮನಿರುವುದಿಲ್ಲ.

ಆ ಸೋಫಾದಿಂದಲೇ ಶುರು ಮಾಡೋಣ. ಅದು ನೇಟೋ ದೇಶಗಳು 1951ರಲ್ಲಿ ಮಾಡಿಕೊಂಡ ಒಪ್ಪಂದದ ಚುಟುಕು ಹೆಸರು. ಒಂದು ದೇಶದ ಸೈನ್ಯ ಇನ್ನೊಂದು ದೇಶದಲ್ಲಿ ಬೀಡುಬಿಟ್ಟಾಗ ಸೈನಿಕರು, ಅವರ ಹೆಂಡತಿ ಮಕ್ಕಳು ಯಾವ ಲೆಕ್ಕದಲ್ಲಿ ಇರಬೇಕು ಅಂತ ಅದು ಹೇಳುತ್ತದೆ. ಅದರ ಪ್ರಕಾರ ನಾನು ಅವಲಂಬಿತಳು. ಗಂಡನ ಆರ್ಡರ್ ಇರುವವರೆಗೆ ನಾನು ಅಲ್ಲಿರಬಹುದು. ಸಾಧಾರಣವಾಗಿ ಕುಟುಂಬದ ಜೊತೆಗಿನ ಪೋಸ್ಟಿಂಗ್ ಜರ್ಮನಿಯಲ್ಲಿ 3 ವರ್ಷ. ಆಮೇಲೆ ಗಂಟುಮೂಟೆ.

ಶಾಲೆಯಲ್ಲಿ ಪಾಠ ಮಾಡಬಹುದಲ್ವಾ ಅಂತ ಕೇಳುತ್ತೀರಿ. ಬೇಸ್ ಅಂದರೆ ಸೈನ್ಯದ ನೆಲೆ, ಅದರ ಒಳಗೆ ಶಾಲೆ ಇದೆ, ಒಳ್ಳೆಯ ಶಾಲೆ. ಅದನ್ನು ನಡೆಸುವುದು ಅಮೆರಿಕದ ರಕ್ಷಣಾ ಇಲಾಖೆ. ಅಲ್ಲಿನ ಮೇಷ್ಟ್ರುಗಳು ಅಮೆರಿಕ ಸರ್ಕಾರದ ನೌಕರರು. ಅಂಥ ನೌಕರಿಗೆ ಅಮೆರಿಕದ ಪ್ರಜೆಯೇ ಆಗಿರಬೇಕು. ಸೈನಿಕರ ಹೆಂಡತಿ ಅಥವಾ ಗಂಡನಿಗೆ ನೇಮಕಾತಿಯಲ್ಲಿ ಆದ್ಯತೆ ಅಂತ 1985ರಿಂದ ಕಾನೂನೇ ಇದೆ. ಅದೂ ಪ್ರಜೆಯಾಗಿದ್ದರೆ ತಾನೆ! ಬೇಸ್‌ನಲ್ಲಿ ಸ್ಥಳೀಯರಿಗೆ ಅಂತಲೇ ಇಟ್ಟ ಹುದ್ದೆಗಳೂ ಇವೆ, ಅವು ಜರ್ಮನಿಯ ಕಾರ್ಮಿಕ ಒಪ್ಪಂದದ ಕೆಳಗೆ ಬರುತ್ತವೆ. ಸೋಫಾದ ಮೇಲೆ ಬಂದವಳು ಸ್ಥಳೀಯಳಲ್ಲ. ಹಾಗಾಗಿ ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ.

ಹೊರಗೆ ಜರ್ಮನ್ ಶಾಲೆ? ಜರ್ಮನಿಯಲ್ಲಿ 16 ರಾಜ್ಯ, ಶಿಕ್ಷಣ ರಾಜ್ಯಗಳ ಕೈಯಲ್ಲಿದೆ. ಪರದೇಶದ ಬಿಎಡ್‌ಗೆ ಮಾನ್ಯತೆ ಕೊಡಬೇಕೋ ಬೇಡವೋ ಅಂತ ಆಯಾ ರಾಜ್ಯವೇ ನೋಡುತ್ತದೆ. ಜರ್ಮನ್ ಭಾಷೆ ಸಿ1 ಮಟ್ಟದ್ದಾದರೂ ಬೇಕು, ಅಂದರೆ ಬಹಳ ಚೆನ್ನಾಗಿ ಬರಬೇಕು, ಕೆಲವು ಕಡೆ ಇನ್ನೂ ಮೇಲೆ. ನಾನು ಕಷ್ಟಪಟ್ಟು ಸಿ1ಗಿಂತ ಎರಡು ಮೆಟ್ಟಿಲು ಕೆಳಗಿನ ಬಿ1 ಪಾಸು ಮಾಡಿದ್ದೇನೆ. ಅದರಲ್ಲಿ ಬೇಕರಿಯಲ್ಲಿ ಬ್ರೆಡ್ಡು ಕೇಳಬಹುದು. ಬೇಕರಿಯ ಅಜ್ಜಿ ಅವರ ಹಳ್ಳಿ ಮಾತಿನಲ್ಲಿ ಕೊಡುವ ಉತ್ತರ ಮಾತ್ರ ಅರ್ಥವಾಗುವುದಿಲ್ಲ. ಸಿ1 ಮುಗಿಸಿ, ಮಾನ್ಯತೆಗೆ ಅರ್ಜಿ ಹಾಕಿ, ಅದು ಬರುವ ಹೊತ್ತಿಗೆ ನಾವು ಇನ್ಯಾವುದೋ ಊರಿನಲ್ಲಿ ರಟ್ಟಿನ ಡಬ್ಬ ಬಿಚ್ಚುತ್ತಿರುತ್ತೇವೆ.

ಬೆಂಗಳೂರಿನ ಕಂಪನಿ ಅಂದವರಿಗೆ: ನಾನು ಕೂತು ಕೆಲಸ ಮಾಡುವ ಕುರ್ಚಿ ಜರ್ಮನಿಯಲ್ಲಿದೆ. ತೆರಿಗೆ ಯಾರಿಗೆ, ಆ ಸೋಫಾ ಹಕ್ಕಿಗೆ ಧಕ್ಕೆಯಾಗುತ್ತದಾ, ಇದನ್ನೆಲ್ಲ ಬೇಸ್‌ನ ಕಾನೂನು ಕಚೇರಿಯಲ್ಲಿ ಕೇಳದೆ ಲ್ಯಾಪ್‌ಟಾಪ್ ತೆರೆಯುವ ಹಾಗಿಲ್ಲ. ಉಪ್ಪಿನಕಾಯಿ ಅಂದ ಅತ್ತೆಗೆ: ಬೇಸ್‌ನ ಮನೆಯಲ್ಲಿ ಒಂದು ಜಾಡಿ ಮಾರಬೇಕಾದರೂ ಕಮಾಂಡರ್ ಕಚೇರಿಯ ಲಿಖಿತ ಅನುಮತಿ ಬೇಕು. ಬೇಸ್ ಅಂಗಡಿಯಿಂದ ತೆರಿಗೆ ಇಲ್ಲದೆ ತಂದ ಎಣ್ಣೆ, ಸಕ್ಕರೆಯನ್ನು ಹೊರಗಿನವರಿಗೆ ಮಾರುವ ಹಾಗಿಲ್ಲ. ಸೈನ್ಯದ ಅಂಚೆಯಲ್ಲಿ ವ್ಯಾಪಾರದ ಸರಕು ತರಿಸುವ ಹಾಗಿಲ್ಲ. ಮಿಡಿ ಎಲ್ಲಿಂದ ತರಲಿ ಅನ್ನುವ ಪ್ರಶ್ನೆಗೆ ಇನ್ನೂ ಬಂದೇ ಇಲ್ಲ.

ಬೇಸ್‌ನ ದಿನಸಿ ಅಂಗಡಿಗೆ ಕಾಮಿಸರಿ ಅನ್ನುತ್ತಾರೆ. ಅಲ್ಲಿ ಬಿಲ್ಲಾದ ಸಾಮಾನನ್ನು ಚೀಲಕ್ಕೆ ತುಂಬಿ ಕಾರಿನವರೆಗೆ ಮುಟ್ಟಿಸುವವರಿದ್ದಾರೆ. ಅವರಿಗೆ ಸಂಬಳ ಅನ್ನುವುದೇ ಇಲ್ಲ, ಗಿರಾಕಿ ಕೊಟ್ಟ ಟಿಪ್ಸ್ ಅಷ್ಟೇ. ಆ ಸಾಲಿನಲ್ಲಿ ನನ್ನ ಹಾಗೆ ಡಿಗ್ರಿ ಇಟ್ಟುಕೊಂಡವರನ್ನು ಮಾತಾಡಿಸಿದ್ದೇನೆ. ಇದು ನನ್ನೊಬ್ಬಳ ಹಣೆಬರಹ ಅಂದುಕೊಳ್ಳಬೇಡಿ. ಅಮೆರಿಕದ ರಕ್ಷಣಾ ಇಲಾಖೆಯೇ 2021ರಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ ಸೇವೆಯಲ್ಲಿರುವ ಸೈನಿಕರ ಸಂಗಾತಿಗಳ ನಿರುದ್ಯೋಗ ಶೇ. 21. ಅಲ್ಲೇ ಹುಟ್ಟಿ ಅಲ್ಲೇ ಓದಿದವರೂ ಅದರಲ್ಲಿ ಸೇರಿದ್ದಾರೆ ದೊಡ್ಡಪ್ಪ.

ಹಾಗಂತ ನಾನು ಸುಮ್ಮನೆ ಕೂತಿಲ್ಲ. ಟ್ಯೂಷನ್ ಮಾಡುತ್ತೇನೆ. ಮನೆಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ, ಲಿಖಿತ ಅನುಮತಿ ಪಡೆದು. ಅನುಮತಿ ಪತ್ರ ಫ್ರಿಜ್ಜಿಗೆ ಅಂಟಿಸಿದ್ದೇನೆ. ಬರುವವರೆಲ್ಲ ಸೈನಿಕರ ಮಕ್ಕಳು. ಈ ಮಕ್ಕಳಿಗೆ ಗಣಿತದಲ್ಲಿ ಅಲ್ಲಲ್ಲಿ ತೂತು ಬಿದ್ದಿರುತ್ತದೆ. ಒಂದು ಹುಡುಗಿ ಕಾನ್ಸಾಸ್‌ನಲ್ಲಿದ್ದಾಗ ಅಲ್ಲಿ ಭಿನ್ನರಾಶಿ ಇನ್ನೂ ಶುರುವಾಗಿರಲಿಲ್ಲ. ಕೊರಿಯಾಕ್ಕೆ ಬಂದಾಗ ಅಲ್ಲಿನ ತರಗತಿಯಲ್ಲಿ ಮುಗಿದುಹೋಗಿತ್ತು. ಅವಳಿಗೆ ಮೂರನೇ ಎರಡು ದೊಡ್ಡದೋ ಐದನೇ ಮೂರು ದೊಡ್ಡದೋ ಅಂದರೆ ಕಣ್ಣೀರು. ಅಮೆರಿಕದ ಸ್ಕೇಲಿನಲ್ಲಿ ಒಂದು ಇಂಚಿಗೆ 16 ಗೆರೆ. ಮಿಲಿಮೀಟರಿನಲ್ಲಿ ಬೆಳೆದ ನನಗೆ ಆ ಗೆರೆ ನೋಡಿದರೆ ಮೊದಮೊದಲು ತಲೆ ತಿರುಗುತ್ತಿತ್ತು. ಈಗ ಅದೇ ನನ್ನ ಪಾಠದ ಸಾಮಗ್ರಿ. ಅರ್ಧ ಇಂಚು ತೋರಿಸು, ಕಾಲು ತೋರಿಸು, ಈಗ ಎಂಟನೇ ಮೂರು ಎಲ್ಲಿದೆ ಹುಡುಕು. ಬೆರಳನ್ನು ಗೆರೆಯ ಮೇಲೆ ಇಟ್ಟು, ತುಟಿ ಕಚ್ಚಿ, ಒಂದೊಂದೇ ಎಣಿಸಿ ಸಿಕ್ಕಿತು ಅನ್ನುತ್ತಾಳೆ. ಶಿವಮೊಗ್ಗದಲ್ಲಿ ಅರವತ್ತು ಮಕ್ಕಳ ಕ್ಲಾಸಿನಲ್ಲಿ ಇಷ್ಟು ಹತ್ತಿರದಿಂದ ಒಬ್ಬರನ್ನೂ ನೋಡಿದ್ದಿಲ್ಲ.

ಇದು ಕೆಲಸವಾ? ದೊಡ್ಡಪ್ಪನ ಲೆಕ್ಕದಲ್ಲಿ ಅಲ್ಲ. ಪಿಎಫ್ ಇಲ್ಲ, ಐಡಿ ಕಾರ್ಡ್ ಇಲ್ಲ. ಮುಂದಿನ ಪೋಸ್ಟಿಂಗ್ ಬಂದರೆ ಮಕ್ಕಳೂ ಇಲ್ಲ, ಅನುಮತಿಯೂ ಇಲ್ಲ. ಮತ್ತೆ ಹೊಸ ಊರು, ಹೊಸ ಅರ್ಜಿ.

ನಿಜ ಹೇಳಬೇಕೆಂದರೆ ಈ ಪ್ರಶ್ನೆಗಿಂತ ಇನ್ನೊಂದು ಪ್ರಶ್ನೆಯನ್ನು ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೇನೆ. ಆ ಕೆಲಸಕ್ಕೆ ನೀನು ಏನು ಬಿಡಬೇಕು? ಅದನ್ನು ಒಬ್ಬರೂ ಕೇಳಿಲ್ಲ.

ಯಾಕೆಂದರೆ ದಾರಿ ಇದೆ. ವಿದೇಶದಲ್ಲಿ ಪೋಸ್ಟಿಂಗ್ ಇರುವ ಅಮೆರಿಕನ್ ಸೈನಿಕನ ಹೆಂಡತಿಗೆ ಪೌರತ್ವ ಬೇಗ ಕೊಡುವ ವ್ಯವಸ್ಥೆ ಅವರ ಕಾನೂನಿನಲ್ಲಿದೆ. ಗ್ರೀನ್ ಕಾರ್ಡ್ ಇದ್ದು ಉಳಿದ ದಾಖಲೆ ಸರಿ ಇದ್ದರೆ, ಉಳಿದವರ ಹಾಗೆ ವರ್ಷಗಟ್ಟಲೆ ಅಮೆರಿಕದ ನೆಲದಲ್ಲೇ ವಾಸವಿದ್ದು ಕಾಯಬೇಕಾಗಿಲ್ಲ. ಎನ್-400 ಅಂತ ಒಂದು ಫಾರ್ಮ್. ನಾನು ತುಂಬಿಸಿ ಇಟ್ಟಿದ್ದೇನೆ. ಅದನ್ನು ಕಳಿಸಿ, ಪ್ರಮಾಣ ಮಾಡಿದರೆ ಆ ಶಾಲೆಯ ನೌಕರಿಗೆ ಅರ್ಜಿಯಾದರೂ ಹಾಕಬಹುದು.

ಆದರೆ ಭಾರತದಲ್ಲಿ ಎರಡು ಪೌರತ್ವ ಇಟ್ಟುಕೊಳ್ಳುವ ಹಾಗಿಲ್ಲ. 1955ರ ಪೌರತ್ವ ಕಾಯ್ದೆಯ ಪ್ರಕಾರ, ಇಷ್ಟಪಟ್ಟು ಬೇರೆ ದೇಶದ ಪ್ರಜೆಯಾದ ಕ್ಷಣವೇ ಇಲ್ಲಿನದ್ದು ಹೋಯಿತು. ಹೊರದೇಶದ ಪ್ರಜೆಯಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಸಿಗುತ್ತದೆ, ಬಂದು ಹೋಗಬಹುದು, ಇರಬಹುದು. ಓಟಿಲ್ಲ. ಮತ್ತೆ, ನಮ್ಮ ಕಡೆಯವರಿಗೆ ಮುಖ್ಯವಾದದ್ದು: ಒಸಿಐಯವರು ಕೃಷಿ ಜಮೀನು, ತೋಟ ಕೊಳ್ಳುವ ಹಾಗಿಲ್ಲ. ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಅಷ್ಟೇ. ಎನ್‌ಆರ್‌ಐಗಳಿಗೂ ಅಂದರೆ ಹೊರದೇಶದಲ್ಲಿರುವ ಭಾರತದ ಪ್ರಜೆಗಳಿಗೂ ಇದೇ ನಿಯಮ. ಆದರೆ ಭಾರತದ ಪಾಸ್‌ಪೋರ್ಟ್ ಇದ್ದವಳು ವಾಪಸ್ ಬಂದು ಇಲ್ಲಿ ನೆಲೆಸಿದರೆ ಎನ್‌ಆರ್‌ಐ ಅಲ್ಲ.

ನಮ್ಮಿಬ್ಬರಿಗೂ ಇರುವುದು ಒಂದೇ ಆಸೆ. ಸೈನ್ಯದ ಕೆಲಸ ಮುಗಿಸಿ ಬಂದು, ಕೋಣಂದೂರು ಕಡೆ ಅಪ್ಪನ ತೋಟದ ಪಕ್ಕ ಸ್ವಲ್ಪ ಜಾಗ ಕೊಂಡು ಇರುವುದು. ನನ್ನ ಗಂಡ ಈಗಾಗಲೇ ಅಮೆರಿಕದ ಪ್ರಜೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ಅಡಿಕೆ ಮರವನ್ನು ಹತ್ತಿರದಿಂದ ನೋಡದ ಬೆಂಗಳೂರಿನವರೂ ಬಂದು ತೋಟ ಕೊಳ್ಳಬಹುದು. ಸಾಗರದಲ್ಲಿ ಹುಟ್ಟಿ, ರಜೆಯಲ್ಲಿ ಅಡಿಕೆ ಸುಲಿದು ಬೆಳೆದ ಇವರು ಕೊಳ್ಳುವ ಹಾಗಿಲ್ಲ. ಮನೆಯಲ್ಲಿ ಮುಂದೆ ತೋಟ ಕೊಳ್ಳಲು ಬರುವವಳು ಅಂದರೆ ನಾನೊಬ್ಬಳೇ. ಅದೂ ಈ ಫಾರ್ಮ್ ಕಳಿಸದೇ ಇದ್ದರೆ.

ಗಂಡನನ್ನು ಕೇಳಿದರೆ "ನಿಂಗೆ ಹ್ಯಾಗೆ ಸರಿ ಅನ್ಸುತ್ತೋ ಹಾಗೆ" ಅನ್ನುತ್ತಾರೆ. ಒಳ್ಳೆಯ ಮನುಷ್ಯ, ಆದರೆ ಆ ಉತ್ತರದಿಂದ ಏನೂ ಪ್ರಯೋಜನವಿಲ್ಲ. ಅದರಲ್ಲೂ ಅವರು ಅರ್ಧ ಕಾಲ ಮನೆಯಲ್ಲಿರುವುದಿಲ್ಲ. 2022ರ ಫೆಬ್ರವರಿಯಲ್ಲಿ, ಉಕ್ರೇನ್ ಯುದ್ಧ ಶುರುವಾಗುವ ಸ್ವಲ್ಪ ಮುಂಚೆ, ವಿಲ್ಸೆಕ್‌ನಿಂದ ಸುಮಾರು ಸಾವಿರ ಸೈನಿಕರನ್ನು ರೊಮೇನಿಯಾಕ್ಕೆ ಕಳಿಸಿದ್ದರು. ಆವತ್ತಿನಿಂದ ಪೂರ್ವದ ಕಡೆಗೆ ಓಡಾಟ ನಡೆದೇ ಇದೆ. ಇವರು ಹೊರಟರೆ ತಿಂಗಳುಗಟ್ಟಲೆ. ಅಂಥ ಹೊತ್ತಿನಲ್ಲಿ ಪಕ್ಕದ ಮನೆಯ ಪೋರ್ಟೊರಿಕೋದ ಹೆಂಗಸು ನನ್ನ ಮನೆಯ ಕೀಲಿ ಇಟ್ಟುಕೊಂಡಿರುತ್ತಾಳೆ, ಅವಳದ್ದು ನನ್ನ ಹತ್ತಿರ. ಅವಳು ನರ್ಸು. ಬೇರೆ ರಾಜ್ಯದ ಲೈಸೆನ್ಸು, ಅದೂ ಅವಧಿ ಮುಗಿದದ್ದು. ಅವಳಿಗೂ ಊರಿಗೆ ಹೋದಾಗ ಇದೇ ಪ್ರಶ್ನೆಯಂತೆ. ಅವಳ ದೊಡ್ಡಪ್ಪ ಸ್ಪ್ಯಾನಿಷ್‌ನಲ್ಲಿ ಕೂಗುತ್ತಾರೆ, ಅಷ್ಟೇ ವ್ಯತ್ಯಾಸ.

ಅಪ್ಪ ಮೊನ್ನೆ ಫೋನ್ ಮಾಡಿದ್ದರು. ಪಕ್ಕದ ತೋಟದವರು ಎಲೆಚುಕ್ಕಿ ರೋಗಕ್ಕೆ ಔಷಧಿ ಹೊಡೆದು ಹೊಡೆದು ಸೋತಿದ್ದಾರಂತೆ, ಈ ಸಲದ ಕೊಯ್ಲು ಮುಗಿದ ಮೇಲೆ ಮಾರುವ ಮಾತಾಡುತ್ತಿದ್ದಾರಂತೆ. ನಾನು ಈಗ ಕೊಳ್ಳುವ ಹಾಗಿಲ್ಲ ಅಂತ ಅಪ್ಪನಿಗೂ ಗೊತ್ತು. ಸುಮ್ನೆ ಹೇಳಿದ್ದು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಅಡಿಕೆ ರೇಟಿನ ಬಗ್ಗೆ ಮಾತಾಡಿದೆವು.

ಫಾರ್ಮ್ ಇನ್ನೂ ಕಳಿಸಿಲ್ಲ. ದೊಡ್ಡಪ್ಪ, ನೀವು ಇಲ್ಲಿಯವರೆಗೆ ಓದಿದ್ದರೆ ಒಂದು ಉಪಕಾರ ಮಾಡಿ. ಮುಂದಿನ ಸಲ ಸಿಕ್ಕಾಗ ಕಳಿಸಲಾ ಬೇಡವಾ ಅಂತ ಹೇಳಿ. ಪಂಕ್ತಿಯಲ್ಲಿ ಬೇಡ, ಮನೆಗೇ ಬರುತ್ತೇನೆ.