ಗಷ್ಟು ಕದಡದಂತೆ ಬಿಯರ್ ಬಸಿಯುವುದು

ನಮ್ಮ ಅಜ್ಜಿ ಕೂವೆ ಹಿಟ್ಟು ಮಾಡುವ ದಿನ ಹಿತ್ತಲಿನ ಕಡೆಗೆ ಮಕ್ಕಳು ಹೋಗುವಂತಿರಲಿಲ್ಲ. ಅರೆದು ಬಟ್ಟೆಯಲ್ಲಿ ಸೋಸಿದ ಕೂವೆಗೆಡ್ಡೆಯ ಹಾಲನ್ನು ದೊಡ್ಡ ಪಾತ್ರೆಗಳಲ್ಲಿ ತುಂಬಿಟ್ಟು, ಅದು ತಿಳಿಯುವವರೆಗೆ ಯಾರೂ ಹತ್ತಿರ ಸುಳಿಯಬಾರದೆಂದು ಅವರು ಕಟ್ಟಪ್ಪಣೆ ಮಾಡುತ್ತಿದ್ದರು. ಆಮೇಲೆ ಪಾತ್ರೆಯನ್ನು ಬೆರಳಷ್ಟು ಬೆರಳಷ್ಟೇ ಬಗ್ಗಿಸುತ್ತಾ ಮೇಲಿನ ನೀರನ್ನು ಚೆಲ್ಲುತ್ತಿದ್ದರು. ಅಲ್ಲಿ ಬೇಕಾದದ್ದು ಅಡಿಯಲ್ಲಿ ಕುಳಿತ ಬಿಳಿಯ ಹಿಟ್ಟು, ಬೇಡವಾದದ್ದು ಮೇಲಿನ ನೀರು. ಈಗ ಚಿಕ್ಕಮಗಳೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಬಾರಿಗೆ 10 ಲೀಟರಿನಷ್ಟು ಬಿಯರ್ ಹುದುಗಿಸುವ ನನಗೆ ಬೇಕಾದದ್ದು ಮೇಲಿನ ತಿಳಿ, ಬೇಡವಾದದ್ದು ಅಡಿಯ ಗಷ್ಟು. ಬೇಕು ಬೇಡಗಳು ತಿರುವುಮುರುವಾದರೂ ಕೈಯ ಕೆಲಸ ಅದೇ ಆಗಿರುವುದರಿಂದ, ಬಿಯರನ್ನು ಪಾತ್ರೆಯಿಂದ ಪಾತ್ರೆಗೆ, ಅಲ್ಲಿಂದ ಬಾಟಲಿಗೆ ಇಳಿಸುವಾಗ ನಾನು ಅನುಸರಿಸುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಗಷ್ಟಿನಲ್ಲಿ ಏನಿರುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ. ಮಾಲ್ಟಿನ, ಎಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದ, ರಸವನ್ನು ಕುದಿಸುವಾಗ ಮೊಸರಿನಂತೆ ಒಡೆದು ಬೇರಾಗುವ ಪ್ರೋಟೀನು, ಕಹಿಗಾಗಿ ಹಾಕುವ ಹಾಪ್ಸ್ ಹೂವಿನ ಹಸಿರು ಚೂರುಗಳು, ಕೆಲಸ ಮುಗಿಸಿದ ಯೀಸ್ಟ್ ಎಲ್ಲವೂ ಅಲ್ಲಿ ಸೇರಿರುತ್ತವೆ. ಹೂವಿನ ಚೂರು ಕಣ್ಣಿಗೆ ಕಾಣುತ್ತದೆ. ಯೀಸ್ಟ್ ಕೋಶವಾದರೋ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ 5ರಿಂದ 10 ಭಾಗದಷ್ಟು ಮಾತ್ರ ಇರುತ್ತದೆ. ಕಾಫಿಯ ಚರಟ ಫಿಲ್ಟರಿನ ತೂತಿನ ಮೇಲೆ ನಿಲ್ಲುವಂತೆ ಯೀಸ್ಟ್ ಯಾವ ಅಡುಗೆಮನೆಯ ಬಟ್ಟೆಯ ಮೇಲೂ ನಿಲ್ಲುವುದಿಲ್ಲ.

ನನ್ನ ಮೊದಲ ಬಿಯರು ಕೆಟ್ಟದ್ದು ಇದನ್ನು ಅರಿಯದೆ. ಹುದುಗು ಮುಗಿದ ಬಿಯರನ್ನು ನಾಲ್ಕು ಮಡಿಕೆಯ ಶುಭ್ರವಾದ ಪಂಚೆಯ ಮೂಲಕ ಸೋಸಿ ಬಾಟಲಿಗೆ ತುಂಬಿದ್ದೆ. ಯೀಸ್ಟ್ ಹೇಗಿತ್ತೋ ಹಾಗೆಯೇ ಕೆಳಗಿಳಿಯಿತು. ಬಟ್ಟೆಯಿಂದ ಹನಿಹನಿಯಾಗಿ ಬೀಳುವಾಗ ಬಿಯರು ಗಾಳಿಯನ್ನು ಹೀರಿಕೊಂಡಿತು. ಮೂರು ವಾರ ಕಳೆದು ಬಾಟಲಿ ತೆರೆದಾಗ ನೆನೆದ ರಟ್ಟಿನಂಥ ರುಚಿ ಬಂದಿತ್ತು. ಹುದುಗು ಮುಗಿದ ಬಿಯರಿಗೆ ಆಮ್ಲಜನಕ ತಗಲಿದರೆ ಬರುವ ರುಚಿ ಅದೇ. ಯೀಸ್ಟ್ ಹಾಕುವ ಮೊದಲು, ತಣಿದ ರಸವನ್ನು ಎಷ್ಟು ಸೋಸಿದರೂ ಬಾಧಕವಿಲ್ಲ, ಆಗ ಯೀಸ್ಟಿಗೆ ಗಾಳಿ ಬೇಕೇ ಬೇಕು. ಹುದುಗು ಮುಗಿದ ಮೇಲೆ ಮಾತ್ರ ಸೋಸುವ ಯೋಚನೆಯನ್ನು ಪೂರ್ತಿಯಾಗಿ ಬಿಡಬೇಕು. ಬಿಯರು ತಾನಾಗಿ ತಿಳಿಯಬೇಕು, ನಾವು ಅದನ್ನು ಕದಡದೆ ಬಸಿದುಕೊಳ್ಳಬೇಕು.

ತಿಳಿಯುವುದಕ್ಕೂ ಒಂದು ನಿಯಮವಿದೆ. ದ್ರವದಲ್ಲಿ ಸಣ್ಣ ಗೋಲ ಬೀಳುವ ವೇಗವು ಅದರ ಗಾತ್ರದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂಬುದು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಲ್ಲಿ ಕೊಟ್ಟ ಲೆಕ್ಕದಿಂದ ತಿಳಿಯುತ್ತದೆ. ಎಂದರೆ ಕಣವು 10 ಪಟ್ಟು ದಪ್ಪವಾದರೆ 100 ಪಟ್ಟು ಬೇಗ ಕೆಳಗಿಳಿಯುತ್ತದೆ. ಒಂಟಿ ಯೀಸ್ಟ್ ಕೋಶ ದಿನಗಟ್ಟಲೆ ತೇಲುತ್ತಿದ್ದರೆ, ಒಂದಕ್ಕೊಂದು ಅಂಟಿಕೊಂಡು ಗಂಟಾದ ಯೀಸ್ಟ್ ಬೇಗ ತಳ ಸೇರುತ್ತದೆ. ಏಲ್ ಎಂಬ ಬಗೆಯ ಬಿಯರಿಗೆ ಬಳಸುವ ಕೆಲವು ಇಂಗ್ಲಿಷ್ ಯೀಸ್ಟುಗಳು ಗಂಟು ಕಟ್ಟಿ ಅಡಿಯಲ್ಲಿ ಗಟ್ಟಿ ಪದರವಾಗಿ ಕೂರುತ್ತವೆ. ಜರ್ಮನ್ ಗೋಧಿ ಬಿಯರಿನ ಯೀಸ್ಟು ಹಾಗೆ ಕೂರುವುದಿಲ್ಲ, ಆ ಬಿಯರು ಮಸುಕಾಗಿರುವುದೇ ಸರಿ. ತಿಳಿಯಾದ ಬಿಯರು ಬೇಕಾದವರು ಪೊಟ್ಟಣ ಕೊಳ್ಳುವಾಗಲೇ ಇದನ್ನು ನೋಡಿಕೊಳ್ಳುವುದು ಒಳ್ಳೆಯದು. ನನ್ನ ಅನುಭವದಲ್ಲಿ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ.

ಉಳಿದರ್ಧವನ್ನು ಚಳಿ ಮಾಡಿಕೊಡುತ್ತದೆ. ಬಿಯರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನ ಅಂಕಿ ಮೂರು ದಿನ ಬದಲಾಗದೆ ನಿಂತ ಮೇಲೆ, ಎಂದರೆ ಹುದುಗು ಮುಗಿದ ಮೇಲೆ, ನಾನು ಬಿಯರು ಹುದುಗಿದ ಬಕೆಟ್ಟನ್ನು ಹಳೆಯ ಫ್ರಿಜ್ಜಿನಲ್ಲಿ 2ರಿಂದ 4 ಡಿಗ್ರಿಯಲ್ಲಿ ಮೂರು ದಿನ ಇಡುತ್ತೇನೆ. ತಂಪಿನಲ್ಲಿ ಯೀಸ್ಟಿನ ಚಟುವಟಿಕೆ ನಿಲ್ಲುತ್ತದೆ, ಅನಿಲದ ಗುಳ್ಳೆಗಳು ಏಳುವುದು ನಿಲ್ಲುತ್ತದೆ, ಮೇಲಕ್ಕೆ ಎಳೆದೊಯ್ಯುವ ಗುಳ್ಳೆ ಇಲ್ಲವಾದಾಗ ಕಣಗಳು ನಿರಾತಂಕವಾಗಿ ಕೆಳಗಿಳಿಯುತ್ತವೆ. ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ತಣ್ಣಗಾಗುತ್ತಾ ಬಕೆಟ್ಟಿನೊಳಗಿನ ಅನಿಲ ಕುಗ್ಗುವುದರಿಂದ ಹೊರಗಿನ ಗಾಳಿ ಒಳಕ್ಕೆ ಸೆಳೆಯಲ್ಪಡುತ್ತದೆ, ಅದರೊಂದಿಗೆ, ಅನಿಲ ಹೊರಹೋಗಲು ಬಕೆಟ್ಟಿನ ಮುಚ್ಚಳಕ್ಕೆ ಸಿಕ್ಕಿಸಿದ, ನೀರು ತುಂಬಿದ ಕೊಳವೆಯಾದ ಏರ್‌ಲಾಕಿನ ನೀರೂ ಬಿಯರಿಗೆ ಬೀಳಬಹುದು; ಆದ್ದರಿಂದ ಏರ್‌ಲಾಕಿನಲ್ಲಿ ಕಾಯಿಸಿ ಆರಿಸಿದ ನೀರನ್ನೇ, ಅದೂ ಸ್ವಲ್ಪವೇ ಇಡಬೇಕು. ಎರಡನೆಯದು ನಮ್ಮ ಮಲೆನಾಡಿನ ಮಳೆಗಾಲದ ಕಷ್ಟ. ಮರ ಬಿದ್ದು ಕರೆಂಟು ದಿನವಿಡೀ ಹೋದರೆ ಬಿಯರು ಮೆಲ್ಲಗೆ ಬೆಚ್ಚಗಾಗಿ, ಕರಗಿದ್ದ ಅನಿಲ ಗುಳ್ಳೆಯಾಗಿ ಎದ್ದು, ಕುಳಿತ ಯೀಸ್ಟನ್ನು ಮತ್ತೆ ಮೇಲಕ್ಕೆ ತರುತ್ತದೆ. ಹಾಗಾದಾಗ ಅವಸರಪಡದೆ ಕರೆಂಟು ಬಂದ ಮೇಲೆ ಮತ್ತೆ ಎರಡು ದಿನ ಕೊಡುತ್ತೇನೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಾಟಲಿ ತುಂಬುವ ದಿನವನ್ನು ಮುಂಚೆಯೇ ಗೊತ್ತುಮಾಡುವುದನ್ನೇ ಬಿಟ್ಟಿದ್ದೇನೆ.

ತಿಳಿದ ಬಿಯರನ್ನು ಕದಡುವುದು ಬಹುಪಾಲು ಬಕೆಟ್ಟನ್ನು ಎತ್ತಿ ಇಡುವ ಹೊತ್ತಿನಲ್ಲಿ. ಫ್ರಿಜ್ಜಿನಿಂದ ಮೇಜಿನ ಮೇಲಕ್ಕೆ ಎತ್ತಿಟ್ಟು ಆ ಕೂಡಲೇ ಬಸಿಯಲು ತೊಡಗಿದರೆ ಮೂರು ದಿನದ ತಾಳ್ಮೆ ಒಂದು ನಿಮಿಷದಲ್ಲಿ ಹಾಳಾಗುತ್ತದೆ. ನಾನು ಫ್ರಿಜ್ಜನ್ನೇ ಗಟ್ಟಿಮುಟ್ಟಾದ ಎತ್ತರದ ಕಟ್ಟೆಯ ಮೇಲೆ ಇರಿಸಿಕೊಂಡಿದ್ದೇನೆ, ಬಕೆಟ್ಟನ್ನು ಕದಲಿಸದೆ ಬಾಗಿಲು ತೆರೆದು ಅಲ್ಲಿಂದಲೇ ಕೊಳವೆ ಇಳಿಸುತ್ತೇನೆ. ಆ ಅನುಕೂಲ ಇಲ್ಲದವರು ಹಿಂದಿನ ರಾತ್ರಿಯೇ ಮೇಜಿನ ಮೇಲೆ ಇಟ್ಟು, ಬೆಳಗಿನ ಜಾವ, ಬಿಯರು ಇನ್ನೂ ತಂಪಾಗಿರುವಾಗಲೇ ಬಸಿಯಬಹುದು. ಡಿಸೆಂಬರಿನ ಚಳಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಫ್ರಿಜ್ಜಿನಲ್ಲಿ ಇಡುವಾಗಲೇ ಬಕೆಟ್ಟಿನ ಒಂದು ಬದಿಗೆ ಎರಡು ಬೆರಳು ದಪ್ಪದ ಮರದ ತುಂಡನ್ನು ಕೊಟ್ಟು ಓರೆ ಮಾಡಿದರೆ ಗಷ್ಟೆಲ್ಲ ತಗ್ಗಾದ ಬದಿಗೆ ಹೆಚ್ಚಾಗಿ ಸೇರುತ್ತದೆ. ಬಸಿಯುವ ದಿನ ಆ ತುಂಡನ್ನು ತೆಗೆಯಬಾರದು. ಕೊಳವೆಯನ್ನು ಗಷ್ಟು ತೆಳುವಾಗಿರುವ ಎತ್ತರದ ಬದಿಯಲ್ಲಿ ಇಳಿಸಬೇಕು.

ಸೈಫನ್ ವಿಧಾನ ನಮ್ಮವರಿಗೆ ಹೊಸದಲ್ಲ. ತೋಟದ ಡ್ರಮ್ಮಿನಿಂದ ನೀರನ್ನೋ ಡೀಸೆಲನ್ನೋ ಕೊಳವೆಯಲ್ಲಿ ಎಳೆದು ಇಳಿಸುವುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ಬಿಯರನ್ನು ಬಾಯಿಂದ ಎಳೆಯಬಾರದು, ಬಾಯಲ್ಲಿರುವ ಬ್ಯಾಕ್ಟೀರಿಯಾ ಬಿಯರನ್ನು ಹುಳಿಯಾಗಿಸಬಲ್ಲದು. ಶುಚಿಗೊಳಿಸಿದ ಕೊಳವೆಯ ತುಂಬ ಕಾಯಿಸಿ ಆರಿಸಿದ ನೀರು ತುಂಬಿ, ಎರಡೂ ತುದಿಗಳನ್ನು ಹಿಡಿದು, ಒಂದನ್ನು ಬಿಯರಿನಲ್ಲಿ ಮುಳುಗಿಸಿ ಇನ್ನೊಂದನ್ನು ಕೆಳಗೆ ಒಂದು ಲೋಟದಲ್ಲಿ ಬಿಟ್ಟರೆ ನೀರು ಮೊದಲು ಹರಿದು ಹೋಗುತ್ತದೆ. ಅದರ ಹಿಂದೆ ಬಿಯರು ಬಂದ ಕೂಡಲೇ ತುದಿಯನ್ನು ತುಂಬುವ ಪಾತ್ರೆಗೆ ದಾಟಿಸಿ, ಅದರ ತಳಕ್ಕೆ ತಾಗುವಂತೆ ಇಡಬೇಕು. ಮೇಲಿನಿಂದ ಸುರಿದು ನೊರೆ ಎಬ್ಬಿಸಿದರೆ ಪಂಚೆಯಲ್ಲಿ ಸೋಸಿದ್ದಕ್ಕೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಒಳಗಿನ ತುದಿ ಎಲ್ಲಿದೆ ಎಂಬುದು. ಅದನ್ನು ತಳದವರೆಗೆ ಇಳಿಸಿದರೆ ಮೊದಲ ಗುಟುಕೇ ಗಷ್ಟು. ನಾನು ಕೊಳವೆಯ ತುದಿಯನ್ನು ಒಂದು ಸ್ಟೀಲ್ ಕಡ್ಡಿಗೆ, ಕಡ್ಡಿ ಅದಕ್ಕಿಂತ ಮೂರು ಬೆರಳು ಮುಂದೆ ಚಾಚಿರುವಂತೆ ಕಟ್ಟುತ್ತೇನೆ. ಕಡ್ಡಿ ತಳ ಮುಟ್ಟಿದರೂ ಕೊಳವೆಯ ಬಾಯಿ ಗಷ್ಟಿನ ಮೇಲೆಯೇ ಇರುತ್ತದೆ. ಮೊದಲಿಗೆ ಅದನ್ನು ಬಿಯರಿನ ನಡುಮಟ್ಟದಲ್ಲಿ ಹಿಡಿದು, ಮಟ್ಟ ಇಳಿದಂತೆ ಅದನ್ನೂ ಇಳಿಸುತ್ತಾ ಹೋಗುತ್ತೇನೆ. ಎರಡು ಪಾತ್ರೆಗಳ ಎತ್ತರದ ಅಂತರ ಹೆಚ್ಚಿದಷ್ಟೂ ಹರಿವು ಜೋರಾಗಿ ಗಷ್ಟನ್ನು ಸೆಳೆಯುವುದರಿಂದ, ಕೊನೆಯ 2 ಲೀಟರು ಉಳಿದಾಗ ಕೆಳಗಿನ ಪಾತ್ರೆಯನ್ನು ಒಂದು ಮಣೆಯ ಮೇಲೆ ಎತ್ತಿಟ್ಟು ಹರಿವನ್ನು ನಿಧಾನಗೊಳಿಸುತ್ತೇನೆ. ಆ ಹೊತ್ತಿಗೆ ನನ್ನ ಕಣ್ಣು ಬಕೆಟ್ಟಿನ ಮೇಲಲ್ಲ, ಪಾರದರ್ಶಕ ಕೊಳವೆಯ ಮೇಲೆ ಇರುತ್ತದೆ: ಹಿಂದೆ ಟಾರ್ಚು ಹಿಡಿದರೆ ಹೊಗೆಯೆಳೆಯಂಥ ಬಗ್ಗಡ ಬಂದ ಕ್ಷಣವೇ ಗೊತ್ತಾಗುತ್ತದೆ, ಕೂಡಲೇ ಕೊಳವೆಯನ್ನು ಮಡಿಚಿ ಹಿಡಿಯಬೇಕು. ಅಡಿಯಲ್ಲಿ ಉಳಿದ ಅರ್ಧ ಮುಕ್ಕಾಲು ಲೀಟರಿನ ಆಸೆಯನ್ನು ಬಿಡಬೇಕು. ಅದಕ್ಕೆ ಆಸೆಪಟ್ಟು ಬಕೆಟ್ಟನ್ನು ಬಗ್ಗಿಸಿದಾಗಲೆಲ್ಲ ನಾನು ಉಳಿದ 9 ಲೀಟರನ್ನು ಮಸುಕು ಮಾಡಿಕೊಂಡಿದ್ದೇನೆ.

ಬಾಟಲಿಯಲ್ಲಿ ಅನಿಲ ಹುಟ್ಟಲು ಸಕ್ಕರೆ ಬೇಕು. ಲೀಟರಿಗೆ 6 ಗ್ರಾಮಿನಂತೆ ತೂಗಿ, ಸ್ವಲ್ಪ ನೀರಿನಲ್ಲಿ ಕುದಿಸಿ ಆರಿಸಿದ ಪಾಕವನ್ನು ಮೊದಲೇ ಖಾಲಿ ಪಾತ್ರೆಯ ತಳಕ್ಕೆ ಹಾಕಿಟ್ಟರೆ, ಮೇಲಿನಿಂದ ಇಳಿಯುವ ಬಿಯರು ಸುತ್ತುತ್ತಾ ಬಂದು ಬೆರೆಯುತ್ತದೆ. ಬಾಟಲಿ ಬಾಟಲಿಗೆ ಚಮಚದಲ್ಲಿ ಸಕ್ಕರೆ ಹಾಕುವ ಕ್ರಮವನ್ನು ನಾನು ಒಪ್ಪುವುದಿಲ್ಲ. ಒಂದು ಬಾಟಲಿ ಸಪ್ಪೆಯಾಗುತ್ತದೆ, ಮತ್ತೊಂದು ಒತ್ತಡಕ್ಕೆ ಒಡೆಯಬಹುದು. ತಿಳಿಯಾದ ಬಿಯರಿನಲ್ಲಿ ಯೀಸ್ಟೇ ಇಲ್ಲದೆ ಹೋದರೆ ಅನಿಲ ಹುಟ್ಟುವುದು ಹೇಗೆ ಎಂದು ಗೆಳೆಯರೊಬ್ಬರು ಕೇಳಿದ್ದರು. ಕಣ್ಣಿಗೆ ಸ್ವಚ್ಛವಾಗಿ ಕಾಣುವ ಬಿಯರಿನಲ್ಲೂ ಆ ಕೆಲಸಕ್ಕೆ ಸಾಕಾಗುವಷ್ಟು ಯೀಸ್ಟ್ ತೇಲುತ್ತಲೇ ಇರುತ್ತದೆ, 20 ಡಿಗ್ರಿಯ ಆಸುಪಾಸಿನಲ್ಲಿ ಎರಡು ವಾರ ಕೊಟ್ಟರೆ ಅದು ಕೆಲಸ ಮುಗಿಸುತ್ತದೆ. ಆದ್ದರಿಂದ ಮನೆಯ ಬಾಟಲಿಯ ತಳದಲ್ಲಿ ಕಾಗದದಷ್ಟು ತೆಳುವಾದ ಬಿಳಿಯ ಪದರ ಇದ್ದೇ ಇರುತ್ತದೆ, ಅದು ದೋಷವಲ್ಲ. ದಪ್ಪ ಪದರವಿದ್ದರೆ ಮಾತ್ರ ಬಸಿದ ಕೈ ತಪ್ಪಿದೆ ಎಂದು ತಿಳಿಯಬೇಕು.

ಗಷ್ಟಿಗೂ ಮಬ್ಬಿಗೂ ವ್ಯತ್ಯಾಸವಿದೆ. ಕೊಠಡಿಯ ಬಿಸಿಯಲ್ಲಿ ತಿಳಿಯಾಗಿದ್ದು ಫ್ರಿಜ್ಜಿನಲ್ಲಿಟ್ಟಾಗ ಮಾತ್ರ ಮಬ್ಬಾಗುವ ಬಿಯರಿನಲ್ಲಿ ಇರುವುದು ಯೀಸ್ಟಲ್ಲ. ಪ್ರೋಟೀನು ಮತ್ತು ಮಾಲ್ಟು, ಹಾಪ್ಸುಗಳ ಒಗರು ಸೇರಿ ಚಳಿಯಲ್ಲಿ ಹೀಗೆ ಕಾಣುತ್ತವೆ, ರುಚಿಗೆ ಕುಂದಿಲ್ಲ. ಬಗ್ಗಡವಾದ ನೀರಿಗೆ ಚಿಲ್ಲದ ಬೀಜ ತೇಯ್ದು ಹಾಕಿ ತಿಳಿಗೊಳಿಸುತ್ತಿದ್ದಂತೆ ಬಿಯರಿಗೂ ಜೆಲಟಿನ್ ಹಾಕುವ ರೂಢಿಯಿದೆ. ಬಿಯರಿನ ಹುಳಿಯಲ್ಲಿ ಜೆಲಟಿನ್ ಧನ ವಿದ್ಯುದಂಶವನ್ನೂ ಯೀಸ್ಟಿನ ಹೊರಮೈ ಋಣ ವಿದ್ಯುದಂಶವನ್ನೂ ಹೊಂದಿರುವುದರಿಂದ ಎರಡೂ ಅಂಟಿಕೊಂಡು ಕೆಳಗೆ ಕೂರುತ್ತವೆ. ಅದು ಪ್ರಾಣಿಗಳ ಚರ್ಮ, ಮೂಳೆಗಳಿಂದ ಬರುವ ವಸ್ತು. ನಮ್ಮ ಮನೆಗೆ ಬರುವವರಲ್ಲಿ ಸಸ್ಯಾಹಾರಿಗಳು ಹೆಚ್ಚಾದ್ದರಿಂದ ನಾನು ಅದನ್ನು ಬಳಸದೆ ಇನ್ನೊಂದು ವಾರ ಕಾಯುತ್ತೇನೆ.

ಬಾಟಲಿಗಳನ್ನು ಮಲಗಿಸದೆ ನಿಲ್ಲಿಸಿಯೇ ಇಡಬೇಕು, ಕುಡಿಯುವ ಹಿಂದಿನ ದಿನವೇ ಫ್ರಿಜ್ಜಿಗೆ ಸೇರಿಸಬೇಕು. ಬಡಿಸುವಾಗ 650 ಮಿಲಿಲೀಟರಿನ ಬಾಟಲಿಯನ್ನು ಒಮ್ಮೆ ಬಗ್ಗಿಸಿದ ಮೇಲೆ ಮತ್ತೆ ನೆಟ್ಟಗೆ ಮಾಡದೆ, ಎರಡು ಲೋಟಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಒಂದೇ ಸಮನೆ ಸುರಿದು, ಕುತ್ತಿಗೆಯ ಬಳಿ ಬಗ್ಗಡ ಕಂಡಾಗ ನಿಲ್ಲಿಸುತ್ತೇನೆ. ಖಾಲಿಯಾದ ಬಾಟಲಿಯನ್ನು ಅಲ್ಲೇ ಬಿಟ್ಟು ಮಾತಿಗೆ ಕೂರದೆ ಆಗಲೇ ಮೂರು ಸಲ ನೀರು ಹಾಕಿ ಕುಲುಕಿ ತೊಳೆದಿಡುತ್ತೇನೆ, ಏಕೆಂದರೆ ತಳದಲ್ಲಿ ಒಣಗಿ ಹಿಡಿದ ಯೀಸ್ಟ್ ಬ್ರಶ್ಶಿಗೂ ಜಗ್ಗುವುದಿಲ್ಲ, ಮುಂದಿನ ಸಲ ಅದೇ ಬಾಟಲಿಯಲ್ಲಿ ತುಂಬಿದ ತಿಳಿ ಬಿಯರಿನಲ್ಲಿ ಬಿಟ್ಟುಕೊಳ್ಳುತ್ತದೆ.